ಕಾಲಿನ ಮಾತು ಕೇಳುವ ಮೋಟಾರು

ಉತ್ತರ ದೆಹಲಿಯ ಮುಖರ್ಜಿ ನಗರವು ನಾಗರಿಕ ಸೇವಾ ಪರೀಕ್ಷೆಗಳ ಕೋಚಿಂಗ್ ಕೇಂದ್ರಗಳಿಂದಾಗಿ ಕನ್ನಡ ನಾಡಿನ ಅಭ್ಯರ್ಥಿಗಳಿಗೂ ಪರಿಚಿತವಾದ ಹೆಸರು. ಯಮುನೆಯ ಬಯಲಿನಲ್ಲಿರುವ ಈ ಬಡಾವಣೆ ಪೂರ್ತಿ ಸಮತಟ್ಟಾಗಿದ್ದರೂ, ಅಲ್ಲಿಂದ ದಕ್ಷಿಣಕ್ಕೆ ಎರಡು ಮೂರು ಕಿಲೋಮೀಟರು ಸಾಗಿದರೆ, ಗುಜರಾತಿನಿಂದ ಸುಮಾರು 700 ಕಿಲೋಮೀಟರು ಚಾಚಿಕೊಂಡು ಬಂದ ಅರಾವಳಿ ಶ್ರೇಣಿಯ ಉತ್ತರದ ತುದಿ, ದೆಹಲಿ ವಿಶ್ವವಿದ್ಯಾಲಯದ ಮಗ್ಗುಲಲ್ಲಿ, ಕಮಲಾ ನೆಹರೂ ರಿಜ್ ಎಂಬ ಹೆಸರಿನ ದಿಣ್ಣೆಯಾಗಿ ಎದುರಾಗುತ್ತದೆ. ಬಯಲೂ ಏರೂ ಇಷ್ಟು ಹತ್ತಿರದಲ್ಲಿ ಸಿಗುವ ಕಡೆ, ಈಚಿನ ವರ್ಷಗಳಲ್ಲಿ ಭಾರತದ ಪೇಟೆಗೂ ಬಂದಿರುವ ಪೆಡಲ್ ಅಸಿಸ್ಟ್ ವಿದ್ಯುತ್ ಮೌಂಟನ್ ಬೈಕಿನ ಸ್ವಭಾವವನ್ನು ಅರಿಯುವುದು ಸುಲಭ. ಏಕೆಂದರೆ ಈ ಸೈಕಲ್ಲು ಬಯಲಿನಲ್ಲಿ ತೋರುವ ಗುಣವೇ ಬೇರೆ, ಏರಿನಲ್ಲಿ ತೋರುವ ಗುಣವೇ ಬೇರೆ.

ಪೆಡಲ್ ಅಸಿಸ್ಟ್ ಎಂದರೆ ಸವಾರನು ತುಳಿದಾಗ ಮಾತ್ರ ಮೋಟಾರು ನೆರವಿಗೆ ಬರುವ, ತುಳಿಯುವುದನ್ನು ನಿಲ್ಲಿಸಿದರೆ ತಾನೂ ನಿಲ್ಲುವ ವ್ಯವಸ್ಥೆ. ಸ್ಕೂಟರಿನಂತೆ ಕೈಯಿಂದ ತಿರುಗಿಸಿ ಓಡಿಸುವ ಥ್ರಾಟಲ್ ಇದರಲ್ಲಿ ಮುಖ್ಯವಲ್ಲ; ಕಡಿಮೆ ಬೆಲೆಯ ಹಲವು ಮಾದರಿಗಳಲ್ಲಿ ಅದನ್ನೂ ಜೋಡಿಸಿರುತ್ತಾರಾದರೂ, ತುಳಿತ ಮತ್ತು ಯಂತ್ರ ಕೂಡಿ ಮಾಡುವ ಕೆಲಸವೇ ಈ ವಾಹನದ ಜೀವಾಳ. ಜಪಾನಿನ ಯಮಹಾ ಕಂಪನಿ 1993ರಲ್ಲಿ ಇಂಥ ಸೈಕಲ್ಲನ್ನು ಮೊದಲ ಬಾರಿಗೆ ಮಾರಾಟಕ್ಕಿಟ್ಟಿತು. ಅಂದು ಪೇಟೆ ಸುತ್ತುವವರಿಗಾಗಿ ರೂಪುಗೊಂಡ ಈ ಉಪಾಯವನ್ನು ಮುಂದೆ ಯುರೋಪಿನ ತಯಾರಕರು ಗುಡ್ಡಗಾಡಿನ ಸೈಕಲ್ಲಿಗೂ, ಅಂದರೆ ಅಗಲವಾದ ಟೈರು, ಗಟ್ಟಿ ಚೌಕಟ್ಟು ಮತ್ತು ಕುಲುಕಾಟವನ್ನು ನುಂಗುವ ಸಸ್ಪೆನ್ಷನ್ ಇರುವ ಮೌಂಟನ್ ಬೈಕಿಗೂ ಅಳವಡಿಸಿದರು. ಭಾರತದ ಕೇಂದ್ರ ಮೋಟಾರು ವಾಹನ ನಿಯಮಗಳು ಇಂಥ ಸೈಕಲ್ಲನ್ನು ಮೋಟಾರು ವಾಹನವೆಂದು ಎಣಿಸುವುದಿಲ್ಲ. ಅದಕ್ಕೆ ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ ಇರಬೇಕು, ಅದರ ನೆರವು ವೇಗ ಏರಿದಂತೆ ಕ್ರಮೇಣ ಇಳಿದು ಗಂಟೆಗೆ 25 ಕಿಲೋಮೀಟರಿಗೆ ಪೂರ್ತಿ ನಿಲ್ಲಬೇಕು. ಈ ಮಿತಿಯೊಳಗಿನ ಸೈಕಲ್ಲಿಗೆ ನೋಂದಣಿಯಾಗಲಿ, ಸವಾರನಿಗೆ ಚಾಲನಾ ಪರವಾನಗಿಯಾಗಲಿ ಬೇಕಿಲ್ಲ.

ಆದರೆ ಒಂದೇ ಮಿತಿಯೊಳಗೆ ತಯಾರಾದ ಎರಡು ಸೈಕಲ್ಲುಗಳು ಸವಾರಿಯಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ತೋರಬಹುದು. ಇದಕ್ಕೆ ಕಾರಣ ಮೋಟಾರಿನ ಶಕ್ತಿಯಲ್ಲ, ಸವಾರನ ಕಾಲು ಏನು ಮಾಡುತ್ತಿದೆ ಎಂಬುದನ್ನು ಆ ಮೋಟಾರು ತಿಳಿದುಕೊಳ್ಳುವ ಬಗೆ. ಅಗ್ಗದ ಮಾದರಿಗಳಲ್ಲಿ ಇರುವುದು ಕೇಡೆನ್ಸ್ ಸೆನ್ಸರ್: ಪೆಡಲ್ಲಿನ ಅಚ್ಚಿಗೆ ಕೂಡಿಸಿದ ಸಣ್ಣ ತಟ್ಟೆಯೊಂದರಲ್ಲಿ ಅಯಸ್ಕಾಂತದ ಚೂರುಗಳಿದ್ದು, ಅವು ತಿರುಗುವುದನ್ನು ಕಂಡ ಕೂಡಲೇ ಮೋಟಾರಿಗೆ ಚಾಲನೆಯ ಸಂಕೇತ ಹೋಗುತ್ತದೆ. ಪೆಡಲ್ ತಿರುಗುತ್ತಿದೆಯೇ ಇಲ್ಲವೇ ಎಂಬುದಷ್ಟೇ ಇದಕ್ಕೆ ಗೊತ್ತಾಗುತ್ತದೆ, ಎಷ್ಟು ಬಲವಾಗಿ ತುಳಿದದ್ದು ಎಂಬುದು ಗೊತ್ತಾಗುವುದಿಲ್ಲ. ಹೀಗಾಗಿ ತುಳಿಯಲು ಆರಂಭಿಸಿದಾಗ ಒಂದು ಕ್ಷಣ ಏನೂ ಆಗದೆ, ಪೆಡಲ್ ಅರ್ಧ ಸುತ್ತು ಬಂದ ಮೇಲೆ ಒಮ್ಮೆಲೇ ಹಿಂದಿನಿಂದ ನೂಕಿದಂತಾಗುತ್ತದೆ, ಮತ್ತು ತುಳಿತ ನಿಲ್ಲಿಸಿದ ಮೇಲೂ ಆ ನೂಕು ಅರೆಗಳಿಗೆ ಉಳಿಯುತ್ತದೆ. ಕಾಲನ್ನು ಸುಮ್ಮನೆ ಆಡಿಸಿದರೂ ಸೈಕಲ್ಲು ಓಡುವುದರಿಂದ ಬಯಲಿನಲ್ಲಿ ಇದು ಹಾಯೆನಿಸುವುದು ನಿಜ. ಟಾರ್ಕ್ ಸೆನ್ಸರ್ ಇರುವ ಮಾದರಿಗಳಲ್ಲಾದರೋ, ತುಳಿತದ ಒತ್ತಡಕ್ಕೆ ಅಚ್ಚು ಕಣ್ಣಿಗೆ ಕಾಣದಷ್ಟು ತಿರುಚಿಕೊಳ್ಳುವುದನ್ನು ಒಂದು ಮಾಪಕ ಸೆಕೆಂಡಿಗೆ ಎಷ್ಟೋ ಸಲ ಅಳೆಯುತ್ತಿದ್ದು, ಕಾಲು ಮೆಲ್ಲಗೆ ಒತ್ತಿದರೆ ಮೋಟಾರು ಮೆಲ್ಲಗೂ ಜೋರಾಗಿ ಒತ್ತಿದರೆ ಜೋರಾಗಿಯೂ ಕೂಡಿಕೊಳ್ಳುತ್ತದೆ. ಆಗ ಯಂತ್ರವೊಂದು ಜೊತೆಗಿದೆ ಎಂಬುದಕ್ಕಿಂತ ತನ್ನ ಕಾಲಿಗೇ ಕಸುವು ಬಂದಿದೆ ಎಂದು ಸವಾರನಿಗೆ ಅನಿಸುತ್ತದೆ. ಏರಿನಲ್ಲಿ ಎತ್ತಿನ ಗಾಡಿಗೆ ಹಿಂದಿನಿಂದ ಹೆಗಲು ಕೊಟ್ಟವನಂತೆ ಅದು ಕಣ್ಣಿಗೆ ಬೀಳದೆ ಕೆಲಸ ಮಾಡುತ್ತದೆ.

ಈ ಹೆಗಲು ಎಷ್ಟು ದೊಡ್ಡದೆಂಬುದನ್ನು ಸರಳ ಲೆಕ್ಕವೊಂದರಿಂದ ತಿಳಿಯಬಹುದು. 70 ಕಿಲೋ ತೂಕದ ಸಾಮಾನ್ಯ ಆರೋಗ್ಯವಂತನೊಬ್ಬ ಏದುಸಿರು ಬಿಡದೆ ಬಹಳ ಹೊತ್ತು ತುಳಿಯಬಲ್ಲ ಶಕ್ತಿ ಸುಮಾರು 120 ವ್ಯಾಟ್ ಎಂದು ಹಿಡಿದರೆ, ಅವನು 14 ಕಿಲೋ ತೂಗುವ ಮಾಮೂಲಿ ಮೌಂಟನ್ ಬೈಕಿನಲ್ಲಿ, ನೂರು ಮೀಟರಿಗೆ ಎಂಟು ಮೀಟರು ಏರುವ ಕಚ್ಚಾ ಹಾದಿಯನ್ನು ಗಂಟೆಗೆ ಐದು ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ಹತ್ತುತ್ತಾನೆ. ಇದು ನಡಿಗೆಯ ವೇಗ. ಇಷ್ಟು ನಿಧಾನದಲ್ಲಿ ಸೈಕಲ್ಲಿನ ಸಮತೋಲ ಕಾಯ್ದುಕೊಳ್ಳುವುದೇ ಕಷ್ಟವಾಗಿ, ಮುಂಗಾಲಿ ಓಲಾಡತೊಡಗಿ, ಹೆಚ್ಚಿನವರು ಇಳಿದು ತಳ್ಳುತ್ತಾರೆ. ಅದೇ ಮನುಷ್ಯ 25 ಕಿಲೋ ತೂಕದ ವಿದ್ಯುತ್ ಸೈಕಲ್ಲಿನಲ್ಲಿ ಅಷ್ಟೇ ಶ್ರಮದಿಂದ ತುಳಿದು, ಮೋಟಾರಿನಿಂದ ಇನ್ನೊಂದು 150 ವ್ಯಾಟ್ ಪಡೆದರೆ, ಹೆಚ್ಚಿನ ಭಾರವನ್ನು ಹೊತ್ತೂ ಗಂಟೆಗೆ ಹತ್ತು ಕಿಲೋಮೀಟರಿಗೆ ಮುಟ್ಟುತ್ತಾನೆ. ವೇಗ ಇಮ್ಮಡಿಯಾಯಿತು ಎಂಬುದಕ್ಕಿಂತ, ಇಳಿದು ತಳ್ಳಬೇಕಾಗಿದ್ದ ಏರು ಕೂತೇ ಹತ್ತುವ ಏರಾಯಿತು ಎಂಬುದು ಇಲ್ಲಿಯ ದೊಡ್ಡ ಬದಲಾವಣೆ. 1,478 ಮೀಟರು ಎತ್ತರದ ನಂದಿ ಬೆಟ್ಟದ ತಿರುವುಗಳಲ್ಲಿ ಮುಂಜಾನೆ ಸೈಕಲ್ ಹತ್ತಿಸುವ ಬೆಂಗಳೂರಿಗರಿಗೆ ಇದರ ಬೆಲೆ ವಿವರಿಸಿ ಹೇಳಬೇಕಾಗಿಲ್ಲ. ಬೆವರು ಇಲ್ಲವಾಗುವುದಿಲ್ಲ, ಎದೆಬಡಿತ ಏರುವುದೂ ತಪ್ಪುವುದಿಲ್ಲ. ಸೋತು ನಿಲ್ಲುವ ಘಟ್ಟವಷ್ಟೇ ದೂರ ಸರಿಯುತ್ತದೆ. ವಯಸ್ಸಾದವರಿಗೆ, ಮಂಡಿ ನೋವಿನವರಿಗೆ, ಕಾಯಿಲೆಯಿಂದ ಎದ್ದವರಿಗೆ, ಕಸುವುಳ್ಳ ಗೆಳೆಯರ ಜೊತೆ ಹೊರಟು ಹಿಂದೆ ಬೀಳುವವರಿಗೆ ಇದು ಸಣ್ಣ ಉಪಕಾರವಲ್ಲ, ಇದನ್ನು ಸೋಮಾರಿಗಳ ಸೈಕಲ್ಲೆಂದು ಹಳಿಯುವುದೂ ನ್ಯಾಯವಲ್ಲ.

ಮೋಟಾರು ಎಲ್ಲಿದೆ ಎಂಬುದೂ ಸವಾರಿಯ ಸ್ವಭಾವವನ್ನು ಬದಲಿಸುತ್ತದೆ. ಭಾರತದಲ್ಲಿ ಸಾಮಾನ್ಯವಾಗಿ ಸಿಗುವುದು ಹಿಂಗಾಲಿಯ ನಡುವಿನ ಗುಂಬದಲ್ಲೇ ಅಡಗಿರುವ ಹಬ್ ಮೋಟಾರು; ಇದು ಅಗ್ಗ, ಸರಳ, ಚೈನಿಗೆ ಹೆಚ್ಚು ಹೊರೆ ಹಾಕುವುದಿಲ್ಲ. ಆದರೆ ಇದಕ್ಕೂ ಸೈಕಲ್ಲಿನ ಗೇರುಗಳಿಗೂ ಸಂಬಂಧವಿಲ್ಲದ ಕಾರಣ, ಕಡಿದಾದ ಏರಿನಲ್ಲಿ ಗಾಲಿ ನಿಧಾನವಾದಂತೆ ಮೋಟಾರೂ ನಿಧಾನವಾಗಿ, ವಿದ್ಯುತ್ತು ಚಲನೆಯಾಗುವ ಬದಲು ಶಾಖವಾಗಿ ಸೋರುತ್ತದೆ. ನೆರವು ತೀರಾ ಬೇಕಾದ ಜಾಗದಲ್ಲೇ ಅದು ಸೊರಗುತ್ತದೆ. ಪೆಡಲ್ಲಿನ ಅಚ್ಚಿನ ಸುತ್ತಲೇ ಕೂಡಿಸುವ ಮಿಡ್ ಡ್ರೈವ್ ಮೋಟಾರು ಚೈನಿನ ಮೂಲಕವೇ ಕೆಲಸ ಮಾಡುವುದರಿಂದ ಸವಾರನು ಗೇರ್ ಇಳಿಸಿದಾಗ ಅದರ ಲಾಭ ಮೋಟಾರಿಗೂ ಸಿಗುತ್ತದೆ. ಬಾಷ್, ಶಿಮಾನೊ ಕಂಪನಿಗಳು ಗುಡ್ಡದ ಸೈಕಲ್ಲಿಗಾಗಿ ತಯಾರಿಸಿದ ಈ ಬಗೆಯ ಮೋಟಾರುಗಳ ತಿರುಚುಬಲ 85 ನ್ಯೂಟನ್ ಮೀಟರಿನಷ್ಟಿದೆ. ಭಾರ ನಡುವಿನಲ್ಲಿ, ಕೆಳಮಟ್ಟದಲ್ಲಿ ಕೂರುವುದರಿಂದ ತಿರುವಿನಲ್ಲಿ ಸೈಕಲ್ಲು ಹಿಡಿತಕ್ಕೆ ಚೆನ್ನಾಗಿ ಸಿಗುತ್ತದೆ. ಆದರೆ ಮನುಷ್ಯನ ಬಲವೂ ಮೋಟಾರಿನ ಬಲವೂ ಒಂದೇ ಚೈನಿನ ಮೇಲೆ ಬೀಳುವ ಕಾರಣ ಚೈನು ಮತ್ತು ಹಲ್ಲುಗಾಲಿಗಳು ಬೇಗ ಸವೆಯುತ್ತವೆ, ಮತ್ತು ಕಾಲಿನ ಒತ್ತಡವನ್ನು ಅರೆಕ್ಷಣ ತಗ್ಗಿಸದೆ ಗೇರ್ ಬದಲಿಸಿದರೆ ಕಟಕ್ಕೆಂದು ಸದ್ದಾಗುವುದು ಸವಾರನಿಗೆ ಪಾಠವಾಗುತ್ತದೆ.

ಕಲ್ಲು, ಸಡಿಲ ಮಣ್ಣು, ಬೇರುಗಳ ನೆಲದಲ್ಲಿ ಹೊಸದಾಗಿ ಕಲಿಯಬೇಕಾದದ್ದು ಬಹಳವಿದೆ. ಏರಿನಲ್ಲಿ ಎದ್ದು ನಿಂತು ಜಗ್ಗಿ ತುಳಿಯುವ ಹಳೆಯ ಅಭ್ಯಾಸ ಇಲ್ಲಿ ನಡೆಯದು. ಹಾಗೆ ಮಾಡಿದರೆ ಹಿಂಗಾಲಿಯ ಮೇಲಿನ ಭಾರ ತಪ್ಪಿ ಮೋಟಾರಿನ ಬಲಕ್ಕೆ ಅದು ನಿಂತಲ್ಲೇ ಗಿರಗಿರನೆ ಸುತ್ತುತ್ತದೆ, ತೀರಾ ಹಿಂದೆ ಕುಳಿತರೆ ಮುಂಗಾಲಿ ನೆಲ ಬಿಡುತ್ತದೆ. ಸೀಟಿನ ಮುಂತುದಿಗೆ ಸರಿದು, ಮೊಣಕೈ ಬಗ್ಗಿಸಿ, ಎದೆಯನ್ನು ಹ್ಯಾಂಡಲಿನತ್ತ ತಗ್ಗಿಸಿ, ಒಂದೇ ಹದದಲ್ಲಿ ತುಳಿಯುವುದು ಸರಿಯಾದ ಕ್ರಮ. ಇಳಿಜಾರಿನಲ್ಲಿ ಮೋಟಾರಿಗೆ ಕೆಲಸವಿಲ್ಲ, ತೂಕಕ್ಕೆ ಮಾತ್ರ ಇದೆ. ಭಾರದಿಂದಾಗಿ ಸೈಕಲ್ಲು ನೆಲಕ್ಕೆ ಕಚ್ಚಿಕೊಂಡು ಸ್ಥಿರವಾಗಿ ಇಳಿಯುತ್ತದೆಂಬ ಭರವಸೆ ಒಂದು ಕಡೆ. ಅದೇ ಭಾರವನ್ನು ನಿಲ್ಲಿಸಲು ಬ್ರೇಕು ಮೊದಲೇ ಹಿಡಿಯಬೇಕು, ಸಣ್ಣ ಹಳ್ಳವೊಂದನ್ನು ದಾಟಲು ಸೈಕಲ್ಲನ್ನು ಎತ್ತಬೇಕೆಂದರೆ ತೋಳಿನ ಶಕ್ತಿ ಸಾಲದು ಎಂಬುದು ಇನ್ನೊಂದು ಕಡೆ. ದೆಹಲಿಯ ರಿಜ್ಜಿನಲ್ಲಿ ಇದರ ಮೇಲೆ ಮುಳ್ಳಿನ ಕಾಟವೂ ಸೇರುತ್ತದೆ. ಆ ದಿಣ್ಣೆಯನ್ನು ಬಹುಪಾಲು ಆವರಿಸಿರುವುದು ವಿಲಾಯತಿ ಕೀಕರ್, ಅಂದರೆ ಕನ್ನಡ ನಾಡಿನ ಒಣಭೂಮಿಯಲ್ಲೆಲ್ಲ ಹಬ್ಬಿರುವ ಬಳ್ಳಾರಿ ಜಾಲಿ. ಅದರ ಮುಳ್ಳು ಅಗಲ ಟೈರನ್ನೂ ತೂರಿಕೊಂಡು ಹೋಗುವುದರಿಂದ, ಟ್ಯೂಬಿಲ್ಲದ ಟೈರಿನೊಳಗೆ ತೂತು ಮುಚ್ಚುವ ದ್ರವ ಹಾಕಿಸಿಕೊಳ್ಳುವುದು ಜಾಣತನ.

ಇನ್ನು ಬಯಲಿನ ಮಾತು. ಮುಖರ್ಜಿ ನಗರದಿಂದ ವಜೀರಾಬಾದಿನ ಕಡೆಗೆ, ಅಥವಾ 1911ರ ದರ್ಬಾರು ನಡೆದ ಕೊರೊನೇಷನ್ ಪಾರ್ಕಿನತ್ತ ಹೋಗುವ ಸಮತಟ್ಟು ರಸ್ತೆಯಲ್ಲಿ ಈ ಸೈಕಲ್ಲು ಸಿಗ್ನಲಿನಿಂದ ಹೊರಡುವಾಗ ಸರಾಗವಾಗಿ ಚಿಮ್ಮುತ್ತದೆ. ಆದರೆ ವೇಗ ಗಂಟೆಗೆ 25 ಕಿಲೋಮೀಟರು ಮುಟ್ಟಿದೊಡನೆ ಮೋಟಾರು ಕೈಬಿಟ್ಟು, ಎದುರುಗಾಳಿ ಎದ್ದಂತೆ ಕಾಲಿಗೆ ಭಾರ ತಟ್ಟುತ್ತದೆ. ಅಗಲ ಟೈರಿನ, ಭಾರದ ಚೌಕಟ್ಟಿನ ಸೈಕಲ್ಲನ್ನು ಆ ವೇಗದಿಂದಾಚೆ ಬರೀ ಕಾಲಿನಿಂದ ಒಯ್ಯುವುದು ತರುಣರಿಗೂ ದಣಿವಿನ ಕೆಲಸವಾದ್ದರಿಂದ, ಹೆಚ್ಚಿನವರ ಸವಾರಿ ಆ ಗಡಿಯ ಕೆಳಗೇ ನಿಲ್ಲುತ್ತದೆ. ದಿನವೂ ಬಯಲಿನಲ್ಲಿ ಮಾತ್ರ ಓಡಾಡುವವರಿಗೆ ಮೌಂಟನ್ ಬೈಕಿನ ರೂಪದ ವಿದ್ಯುತ್ ಸೈಕಲ್ಲಿಗಿಂತ ತೆಳು ಟೈರಿನ ಹಗುರ ವಿದ್ಯುತ್ ಸೈಕಲ್ಲೇ ಮೇಲು.

ಬ್ಯಾಟರಿಯ ವಿಷಯದಲ್ಲಿ ಮಾರಾಟಗಾರರು ಹೇಳುವ ದೂರವನ್ನು ಏರಿನ ಲೆಕ್ಕದಲ್ಲಿ ನೋಡಬೇಕು. 36 ವೋಲ್ಟ್, 10 ಆಂಪಿಯರ್ ಅವರ್ ಎಂದು ಬರೆದಿರುವ ಬ್ಯಾಟರಿಯಲ್ಲಿರುವುದು ಅವೆರಡರ ಗುಣಲಬ್ಧವಾದ 360 ವ್ಯಾಟ್ ಅವರ್ ಶಕ್ತಿ. ಮೇಲೆ ಹೇಳಿದ ಏರಿನಲ್ಲಿ 150 ವ್ಯಾಟ್ ನೆರವು ನೀಡುತ್ತಾ, ನಡುವೆ ಶಾಖವಾಗಿ ಸೋರುವುದನ್ನೂ ಸೇರಿಸಿಕೊಂಡರೆ, ಅದು ಎರಡು ಗಂಟೆಯೊಳಗೆ ಮುಗಿಯುತ್ತದೆ. ಬಯಲಿನಲ್ಲಿ ಕನಿಷ್ಠ ನೆರವಿಗೆ ಇಟ್ಟರೆ ಅದೇ ಬ್ಯಾಟರಿ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಬರುತ್ತದೆ. ದೆಹಲಿಯ ಜನವರಿಯ ಚಳಿಯಲ್ಲಿ ಲಿಥಿಯಂ ಬ್ಯಾಟರಿಯ ಓಟ ತಾತ್ಕಾಲಿಕವಾಗಿ ತಗ್ಗುತ್ತದೆ, 45 ಡಿಗ್ರಿ ದಾಟುವ ಬೇಸಿಗೆಯ ಬಿಸಿಲು ಅದರ ಆಯುಷ್ಯವನ್ನೇ ಕಡಿಮೆ ಮಾಡುತ್ತದೆ.

ಮುಖರ್ಜಿ ನಗರದ ಬಾಡಿಗೆ ಕೋಣೆಗಳಲ್ಲಿ ವಾಸಿಸುವವರಿಗೆ ಇನ್ನೂ ಒಂದು ಮಾತು ಹೇಳಲೇಬೇಕು. ಇಕ್ಕಟ್ಟಾದ ಮೆಟ್ಟಿಲುಗಳಲ್ಲಿ 25 ಕಿಲೋ ಸೈಕಲ್ಲನ್ನು ಮೂರನೆಯ ಮಹಡಿಗೆ ಹೊತ್ತೊಯ್ಯಲಾಗದೆ, ಹೆಚ್ಚಿನವರು ಅದನ್ನು ಕೆಳಗೆ ಬೀಗ ಹಾಕಿ ಬ್ಯಾಟರಿಯನ್ನಷ್ಟೇ ಬಿಚ್ಚಿ ಕೋಣೆಗೆ ಒಯ್ಯಬೇಕಾಗುತ್ತದೆ. 2023ರ ಜೂನ್ 15ರಂದು ಇದೇ ಬಡಾವಣೆಯ ಕೋಚಿಂಗ್ ಕಟ್ಟಡವೊಂದರಲ್ಲಿ ಬೆಂಕಿ ಕಾಣಿಸಿಕೊಂಡು, ವಿದ್ಯಾರ್ಥಿಗಳು ಕಿಟಕಿಗಳಿಂದ ಹಗ್ಗ ಹಿಡಿದು ಇಳಿದ ದೃಶ್ಯವನ್ನು ದೇಶವೇ ಕಂಡಿತು. ಆ ಬೆಂಕಿಗೂ ಸೈಕಲ್ಲಿಗೂ ಸಂಬಂಧವಿಲ್ಲ. ಆದರೆ ಹೊರಹೋಗುವ ದಾರಿ ಒಂದೇ ಇರುವ ಇಂಥ ಕಟ್ಟಡಗಳಲ್ಲಿ ಮೆಟ್ಟಿಲ ಬಳಿ ಬ್ಯಾಟರಿ ಚಾರ್ಜಿಗೆ ಹಾಕುವುದು, ಕಂಪನಿಯದಲ್ಲದ ಚಾರ್ಜರ್ ಬಳಸುವುದು, ರಾತ್ರಿಯಿಡೀ ಚಾರ್ಜಿಗೆ ಬಿಟ್ಟು ಮಲಗುವುದು ಒಬ್ಬರ ಅಜಾಗರೂಕತೆಯಾಗಿ ಉಳಿಯದೆ ಇಡೀ ಕಟ್ಟಡದ ಅಪಾಯವಾಗುತ್ತದೆ.

ದೆಹಲಿ ಸರ್ಕಾರ 2022ರಲ್ಲಿ ವಿದ್ಯುತ್ ಸೈಕಲ್ಲುಗಳಿಗೂ ಸಹಾಯಧನ ಘೋಷಿಸಿ, ಮೊದಲ 10,000 ಖರೀದಿದಾರರಿಗೆ ಬೆಲೆಯ ಕಾಲು ಭಾಗವನ್ನು 5,500 ರೂಪಾಯಿಯ ಮಿತಿಯೊಳಗೆ ಕೊಡುವುದಾಗಿ ಹೇಳಿದ್ದು ಸಾಮಾನ್ಯ ಸೈಕಲ್ ಸವಾರರ ದೃಷ್ಟಿಯಿಂದ ಒಳ್ಳೆಯ ಹೆಜ್ಜೆಯೇ ಆಗಿತ್ತು. ಗುಡ್ಡ ಹತ್ತಲು ಯೋಗ್ಯವಾದ, ಟಾರ್ಕ್ ಸೆನ್ಸರೂ ಮಿಡ್ ಡ್ರೈವ್ ಮೋಟಾರೂ ಇರುವ ಮಾದರಿಗಳು ಇವತ್ತಿಗೂ ಸಾಮಾನ್ಯರ ಕೈಗೆ ಎಟುಕುವ ಬೆಲೆಯಲ್ಲಿಲ್ಲ. ಎಟುಕುವ ಬೆಲೆಯ ಹಲವು ಸೈಕಲ್ಲುಗಳು ಹೊರನೋಟಕ್ಕೆ ಮೌಂಟನ್ ಬೈಕಿನಂತಿದ್ದರೂ ಒಳಗೆ ಇರುವುದು ಕೇಡೆನ್ಸ್ ಸೆನ್ಸರಿನ ಹಬ್ ಮೋಟಾರು. ಆದ್ದರಿಂದ ಕೊಳ್ಳುವ ಮುನ್ನ ಅಂಗಡಿಯ ಮುಂದಿನ ಸಮತಟ್ಟು ರಸ್ತೆಯಲ್ಲಿ ಒಂದು ಸುತ್ತು ಹಾಕಿ ಒಪ್ಪಿಬಿಡದೆ, ಸೈಕಲ್ಲನ್ನು ಒಂದು ಏರಿಗೆ ಒಯ್ದು, ಅರ್ಧದಲ್ಲಿ ನಿಲ್ಲಿಸಿ, ನಿಂತಲ್ಲಿಂದ ಮತ್ತೆ ತುಳಿದು ನೋಡಬೇಕು. ರಿಜ್ಜಿನ ಕಾಯ್ದಿಟ್ಟ ಅರಣ್ಯದ ಒಳಹಾದಿಗಳಿಗೆ ಇದಕ್ಕಾಗಿ ಇಳಿಯಬೇಕಾಗಿಲ್ಲ, 1828ರ ಫ್ಲ್ಯಾಗ್‌ಸ್ಟಾಫ್ ಗೋಪುರದತ್ತ ಏರುವ ರಸ್ತೆಯೇ ಸಾಕು. ಮೊದಲ ತುಳಿತಕ್ಕೇ ಮೋಟಾರು ಕೂಡಿಕೊಂಡರೆ ಆ ಸೈಕಲ್ಲು ಗುಡ್ಡಕ್ಕೆ ಸಲ್ಲುತ್ತದೆ. ಅರ್ಧ ಸುತ್ತು ಕಾಯಿಸಿದರೆ ಅದನ್ನು ಬಯಲಿನ ಸೈಕಲ್ಲೆಂದೇ ತಿಳಿದು, ಅದಕ್ಕೆ ತಕ್ಕ ಬೆಲೆಯನ್ನಷ್ಟೇ ಕೊಡಬೇಕು.