ಬಿಲ್ಲಿನಲ್ಲಿ ಕಾಣದ ಕೆಲಸ

ಯಾವುದೇ ಊರಿನ ಫ್ಲೆಕ್ಸ್ ಅಂಗಡಿಯ ಬಿಲ್ ತೆಗೆದು ನೋಡಿ. ಉದ್ದ ಇಷ್ಟು ಅಡಿ, ಅಗಲ ಇಷ್ಟು ಅಡಿ, ಚದರಡಿಗೆ ಇಷ್ಟು ರೂಪಾಯಿ. ಫ್ರೇಮಿಗೆ ಬೇರೆ, ಮೇಲೆ ಹತ್ತಿ ಕಟ್ಟುವವರ ಕೂಲಿ ಬೇರೆ. ಅಕ್ಷರ ಆರಿಸಿ, ಬಣ್ಣ ಹೊಂದಿಸಿ, ಹೆಸರಿನ ಕಾಗುಣಿತ ತಿದ್ದಿದವರ ಲೆಕ್ಕ ಮಾತ್ರ ಅಲ್ಲಿರುವುದಿಲ್ಲ. ಎಷ್ಟೋ ಅಂಗಡಿಗಳು ‘ಡಿಸೈನ್ ಫ್ರೀ’ ಎಂದು ಬಾಗಿಲಲ್ಲೇ ಬರೆದುಕೊಂಡಿರುತ್ತವೆ. ಬೆಂಗಳೂರಿನ ಸುಲ್ತಾನಪೇಟೆಗೆ ಲಗ್ನಪತ್ರಿಕೆ ಮಾಡಿಸಲು ಹೋದರೂ ಚೌಕಾಸಿ ನಡೆಯುವುದು ಕಾರ್ಡಿನ ದರಕ್ಕೆ.

ವಿನ್ಯಾಸಕಾರರು ನಾಲ್ಕು ಜನ ಸೇರಿದರೆ ಗಿರಾಕಿಗಳ ಮಾತು ಬಂದೇ ಬರುತ್ತದೆ. ‘ಅರ್ಧ ಗಂಟೆ ಕೆಲಸ ಅಲ್ವಾ?’ ‘ಎರಡ್ಮೂರು ಸ್ಯಾಂಪಲ್ ತೋರ್ಸಿ, ಇಷ್ಟ ಆದ್ರೆ ದುಡ್ಡಿನ ವಿಷಯ ಮಾತಾಡೋಣ.’ ‘ನಮ್ಮ ಹುಡುಗನೇ ಮೊಬೈಲಲ್ಲಿ ಮಾಡಿದ್ದಾನೆ, ನೀವು ಸ್ವಲ್ಪ ನೀಟ್ ಮಾಡ್ಕೊಡಿ ಸಾಕು.’ ವರ್ಷಗಟ್ಟಲೆ ಕಲಿತವರಿಗೆ ಇಂಥ ಮಾತು ನೋಯುತ್ತದೆ. ಆದರೆ ಗಿರಾಕಿಯ ಜಿಪುಣತನವೊಂದೇ ಇದಕ್ಕೆ ಕಾರಣ ಎಂದು ನಾನು ಒಪ್ಪುವುದಿಲ್ಲ. ಕಾಗದ, ಶಾಯಿ, ಚದರಡಿಗಳ ಜೊತೆ ವಿನ್ಯಾಸವನ್ನು ಕೊಸರಾಗಿ ಕೊಟ್ಟು ರೂಢಿ ಮಾಡಿದ್ದು ನಮ್ಮ ಮುದ್ರಣ ಮಾರುಕಟ್ಟೆಯೇ. ಬಿಲ್ಲಿನಲ್ಲಿ ಎಂದೂ ಕಾಣದ ಕೆಲಸಕ್ಕೆ ಬೆಲೆಯುಂಟು ಎಂದು ಕೊಳ್ಳುವವರಿಗೆ ಹೊಳೆಯುವುದಾದರೂ ಹೇಗೆ?

ಆ ಕೆಲಸ ಎಂಥದ್ದೆಂದು ನೋಡೋಣ. ‘ಲಕ್ಷ್ಮಿ ಸ್ವೀಟ್ಸ್’ ಎಂಬ ಬೋರ್ಡು ಆಗಬೇಕು ಎಂದಿಟ್ಟುಕೊಳ್ಳಿ. ಇಂಗ್ಲಿಷಿನ ದೊಡ್ಡಕ್ಷರಗಳಾದರೆ ಎರಡು ಗೆರೆಗಳ ನಡುವೆ ಸಾಲಾಗಿ ನಿಲ್ಲುತ್ತವೆ. ಕನ್ನಡದಲ್ಲಿ ‘ಕ್ಷ್ಮಿ’ಗೆ ಮಕಾರದ ಒತ್ತು ಕೆಳಗಿಳಿಯುತ್ತದೆ, ‘ಸ್ವೀ’ಗೆ ವಕಾರದ ಒತ್ತು, ಬಲಕ್ಕೆ ದೀರ್ಘ, ‘ಟ್ಸ್’ ಅಡಿಯಲ್ಲಿ ಸಕಾರದ ಒತ್ತು. ಬೋರ್ಡಿನ ಎತ್ತರ ಎರಡೇ ಅಡಿ. ಒತ್ತಕ್ಷರಗಳಿಗೆ ಜಾಗ ಬಿಟ್ಟರೆ ಮೇಲಿನ ಅಕ್ಷರ ಕುಗ್ಗುತ್ತದೆ, ಬಿಡದಿದ್ದರೆ ಒತ್ತು ಫ್ರೇಮಿನ ಅಂಚಿಗೆ ತಾಗುತ್ತದೆ. ಕೆಲಸ ಬಲ್ಲವರು ಒತ್ತನ್ನು ತುಸು ಮೇಲೆತ್ತಿ ಮೂಲಾಕ್ಷರದ ಅಡಿಗೆ ಹೊಂದಿಸಿ ಕೂರಿಸುತ್ತಾರೆ, ದೀರ್ಘದ ಪಕ್ಕ ಬಿದ್ದ ಸಂದನ್ನು ಸರಿಪಡಿಸುತ್ತಾರೆ, ಬಸ್ಸಿನಲ್ಲಿ ಹೋಗುವವರಿಗೂ ಓದಲು ಬರುತ್ತದೆಯೇ ಎಂದು ಪರದೆಯ ಮೇಲೆ ಚಿಕ್ಕದು ಮಾಡಿ ನೋಡುತ್ತಾರೆ. ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಹೆಸರು ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಕಲಸುಮೇಲೋಗರವಾಗಬಾರದೆಂದು ಅಕ್ಷರಗಳನ್ನೆಲ್ಲ ‘ಕರ್ವ್’ ಮಾಡಿ, ಅಂದರೆ ರೇಖಾಕೃತಿಗಳಾಗಿ ಬದಲಿಸಿ ಪ್ರೆಸ್ಸಿಗೆ ಕಳಿಸುವವರೂ ಅವರೇ. ಇಷ್ಟೆಲ್ಲ ಆದಮೇಲೆ ಕಣ್ಣಿಗೆ ಬೀಳುವುದು ಎರಡು ಪದ. ‘ಎರಡು ಪದಕ್ಕೆ ಇಷ್ಟು ದುಡ್ಡೇ?’ ಎಂಬ ಪ್ರಶ್ನೆ ಹುಟ್ಟುವುದು ಅಲ್ಲಿಂದ.

2024ರ ಆರಂಭದಲ್ಲಿ ಕರ್ನಾಟಕದ ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡ ಕಡ್ಡಾಯವಾಯಿತು. ಒಳ್ಳೆಯ ನಿಯಮ. ಆದರೆ ಗಡುವಿನ ಅವಸರದಲ್ಲಿ ಎದ್ದ ಎಷ್ಟೋ ಬೋರ್ಡುಗಳನ್ನು ನೋಡಿದರೆ ಸಂಕಟವಾಗುತ್ತದೆ. ಇಂಗ್ಲಿಷ್ ಹೆಸರಿಗೆ ಏಜೆನ್ಸಿ ಹಿಡಿದು, ಹಣ ಸುರಿದು ಲೋಗೋ ಮಾಡಿಸಿದವರೇ ಕನ್ನಡಕ್ಕೆ ಕೈಗೆ ಸಿಕ್ಕ ಫಾಂಟನ್ನು ಅಡ್ಡಡ್ಡ ಎಳೆದು ಅಂಟಿಸಿದ್ದಾರೆ. ಒತ್ತು ಕತ್ತರಿಸಿಹೋಗಿದೆ, ದೀರ್ಘ ಎಲ್ಲೋ ಇದೆ. ಕಾನೂನು ಕನ್ನಡಕ್ಕೆ ಜಾಗ ಕೊಡಿಸಿತು. ಆ ಜಾಗದಲ್ಲಿ ಕನ್ನಡ ಅಂದವಾಗಿ ಕಾಣಲೆಂದು ದುಡ್ಡು ಬಿಚ್ಚಿದವರು ಕಡಿಮೆ.

ಅಗ್ಗದ ಲೋಗೋ ಎಂದರೆ ಎಲ್ಲರೂ ಶೂ ಕಂಪನಿ ನೈಕಿಯ ಲೋಗೋದ ಕಥೆ ಹೇಳುತ್ತಾರೆ. 1971ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಸ್ಟೇಟ್ ಯೂನಿವರ್ಸಿಟಿಯ ವಿದ್ಯಾರ್ಥಿನಿ ಕ್ಯಾರೊಲಿನ್ ಡೇವಿಡ್ಸನ್ ಆ ಗುರುತು ಬರೆದುಕೊಟ್ಟರು. ಗಂಟೆಗೆ 2 ಡಾಲರಿನಂತೆ ಅವರಿಗೆ ಸಿಕ್ಕಿದ್ದು 35 ಡಾಲರ್. 1983ರಲ್ಲಿ ಕಂಪನಿ ಅವರನ್ನು ಕರೆದು ಉಂಗುರವನ್ನೂ ಷೇರುಗಳನ್ನೂ ಕೊಟ್ಟಿತು. ಕೊನೆಗೆ ಎಲ್ಲ ಒಳ್ಳೆಯದೇ ಆಯಿತಲ್ಲ ಎಂದು ಕೇಳುಗರು ಸಮಾಧಾನಪಡುತ್ತಾರೆ. ನನಗೆ ಆ ಸಮಾಧಾನ ಇಲ್ಲ. ಷೇರು ಬಂದದ್ದು ಕಂಪನಿಯವರ ಒಳ್ಳೆಯ ಮನಸ್ಸಿನಿಂದ, ಅದೂ 12 ವರ್ಷ ಕಳೆದ ಮೇಲೆ. ಲೋಗೋವನ್ನು ಗಂಟೆಯಿಂದ ಅಳೆದರೆ ಕೆಲಸ ಚೆನ್ನಾಗಿ ಬಲ್ಲವರಿಗೇ ಕಡಿಮೆ ಸಿಗುತ್ತದೆ. ಅವರು ಬೇಗ ಮುಗಿಸುವುದು ಕಲಿಕೆಗೆ ವರ್ಷಗಳನ್ನು ಸುರಿದದ್ದರಿಂದ.

ಸ್ಪರ್ಧೆಗಳ ವಿಷಯವೂ ಇದೆ. 2010ರ ಜುಲೈ 15ರಂದು ಕೇಂದ್ರ ಸಂಪುಟ ಒಪ್ಪಿದ ರೂಪಾಯಿ ಚಿಹ್ನೆ ಡಿ. ಉದಯ ಕುಮಾರ್ ಅವರ ಕೈಚಳಕ, ಬಹುಮಾನ 2.5 ಲಕ್ಷ ರೂಪಾಯಿ. ಸ್ಪರ್ಧೆಗೆ ಬಂದಿದ್ದ ವಿನ್ಯಾಸಗಳು 3,000ಕ್ಕೂ ಹೆಚ್ಚು. ದೇಶದ ಕರೆನ್ಸಿಯ ಗುರುತಿಗೆ ಜನರನ್ನೆಲ್ಲ ಕರೆಯುವುದರಲ್ಲಿ ಅರ್ಥವಿದೆ. ಆದರೆ ಕಾಲೇಜಿನ ಉತ್ಸವ, ಸಂಘದ ಬೆಳ್ಳಿಹಬ್ಬ, ಹೊಸ ಕಂಪನಿಯ ಹೆಸರಿಗೂ ‘ಲೋಗೋ ಕಳಿಸಿ, ಗೆದ್ದವರಿಗೆ ಪ್ರಮಾಣಪತ್ರ’ ಎನ್ನುವುದು ಎಲ್ಲರಿಂದ ದುಡಿಸಿಕೊಂಡು ಒಬ್ಬರಿಗೆ ಕೊಡುವ ಲೆಕ್ಕ. ಅಡುಗೆಯವರನ್ನೋ ಗಾರೆಯವರನ್ನೋ ನಾವು ಹಾಗೆ ಕರೆಯುವುದಿಲ್ಲ.

‘ದುಡ್ಡು ಕೊಟ್ಟಿದ್ದೀನಿ, ಸಿಡಿಆರ್ ಫೈಲ್ ಕೊಡಿ’ ಎಂದು ತಿದ್ದಲು ಬರುವ ಮೂಲ ಫೈಲಿಗಾಗಿ (ಓಪನ್ ಫೈಲ್) ನಡೆಯುವ ಜಗಳಕ್ಕೆ ಮಾತ್ರ ಕಾನೂನಿನಲ್ಲಿ ಉತ್ತರವಿದೆ, ಓದಿದವರು ವಿರಳ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೌಕರಿಯ ಭಾಗವಾಗಿ ಮಾಡಿದ ಕೆಲಸ ಸಾಮಾನ್ಯವಾಗಿ ಮಾಲೀಕರದು. ಸ್ವತಂತ್ರವಾಗಿ ಮಾಡಿಕೊಟ್ಟ ಲೋಗೋದ ಹಕ್ಕು ಗಿರಾಕಿಗೆ ಹೋಗಬೇಕಾದರೆ ಬರವಣಿಗೆಯಲ್ಲಿ ವರ್ಗಾವಣೆಯಾಗಬೇಕು. ಅದರಲ್ಲಿ ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತಕ್ಕಷ್ಟೇ. ಅಂದರೆ ಬಾಯಿಮಾತಿನಲ್ಲಿ ಮುಗಿಸಿದರೆ ಗಿರಾಕಿಗೂ ನಷ್ಟ. ಹಣ ಬಾಕಿ ಉಳಿದರೆ 2006ರ ಎಂಎಸ್‌ಎಂಇ ಕಾಯ್ದೆ ಇದೆ: ಉದ್ಯಮ್ ನೋಂದಣಿ ಮಾಡಿಸಿದ ಸಣ್ಣ ಉದ್ದಿಮೆಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಮನೆಯ ಮೂಲೆಯಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ದುಡಿಯುವವರೂ ಈ ನೋಂದಣಿ ಮಾಡಿಸಬಹುದು, ಶುಲ್ಕವಿಲ್ಲ. ಮುಂಗಡ ಎಷ್ಟು, ಕರೆಕ್ಷನ್ ಎಷ್ಟು ಸಲ, ಓಪನ್ ಫೈಲ್ ಸೇರಿದೆಯೋ ಇಲ್ಲವೋ ಎಂಬುದನ್ನು ಒಂದು ವಾಟ್ಸ್ಆ್ಯಪ್ ಸಂದೇಶದಲ್ಲಾದರೂ ಮೊದಲೇ ಬರೆದುಕೊಂಡರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಫ್ಲೆಕ್ಸ್ ಅಂಗಡಿಗಳೂ ಡಿಸೈನಿಗೆ ಐನೂರೇ ಆಗಲಿ, ಬೇರೆ ಸಾಲು ಹಾಕುವುದನ್ನು ಕಲಿಯಬೇಕು.

ಕನ್ನಡ ಪುಸ್ತಕಲೋಕದ ಮೇಲೆ ನನಗೆ ಹೆಚ್ಚು ನಿರೀಕ್ಷೆ. ಇಲ್ಲಿ ಕಲಾವಿದರ ಹೆಸರು ‘ಮುಖಪುಟ ವಿನ್ಯಾಸ’ ಎಂದು ಒಳಪುಟದಲ್ಲಿ ಗೌರವದಿಂದ ಅಚ್ಚಾಗುತ್ತದೆ. ಕನ್ನಡ ಪುಸ್ತಕ ಪ್ರಾಧಿಕಾರ ‘ಪುಸ್ತಕ ಸೊಗಸು’ ಬಹುಮಾನವನ್ನೂ ಮುಖಪುಟಕ್ಕೆ ಪ್ರತ್ಯೇಕ ಬಹುಮಾನವನ್ನೂ ಕೊಡುತ್ತ ಬಂದಿದೆ. ಆದರೆ ಸರ್ಕಾರ ಗ್ರಂಥಾಲಯಗಳಿಗೆ ಸಗಟು ಖರೀದಿ ಮಾಡುವಾಗ ಲೆಕ್ಕ ಪುಟದ ದರದ್ದು. ಒಳ್ಳೆಯ ಮುಖಪುಟಕ್ಕೆ, ಒಳಗಿನ ರೇಖಾಚಿತ್ರಕ್ಕೆ ಖರ್ಚು ಮಾಡಿದ ಪ್ರಕಾಶಕರಿಗೂ, ಅಂತರ್ಜಾಲದಿಂದ ಚಿತ್ರ ಎತ್ತಿ ಅಂಟಿಸಿದವರಿಗೂ ಸಿಗುವುದು ಒಂದೇ ದರ. ಹೀಗಿದ್ದಾಗ ಸಣ್ಣ ಪ್ರಕಾಶಕರು ಮೊದಲು ಕೈ ಬಿಗಿಹಿಡಿಯುವುದು ಕಲಾವಿದರ ಸಂಭಾವನೆಯಲ್ಲೇ. ಸಗಟು ಖರೀದಿಯ ನಿಯಮಕ್ಕೆ ಮುಂದೆ ತಿದ್ದುಪಡಿ ಬರೆಯುವವರು ಪುಟದ ದರದ ಕೆಳಗೆ ವಿನ್ಯಾಸಕ್ಕೂ ಒಂದು ಮೊತ್ತ ಸೇರಿಸಲಿ, ಕಲಾವಿದರಿಗೆ ಹಣ ಸಂದ ರಸೀದಿಯನ್ನು ಪ್ರಕಾಶಕರಿಂದ ಕೇಳಿ ಪಡೆಯಲಿ.