ಬಿಸಿ ರೊಟ್ಟಿಯೋ, ಖಡಕ್ ರೊಟ್ಟಿಯೋ?

ಮನುಷ್ಯನು ತನ್ನ ರಾಜಕೀಯ ಮತವನ್ನು ಬದಲಾಯಿಸಿಕೊಳ್ಳುವುದುಂಟು. ಮಗನ ಮದುವೆಯ ವಿಷಯದಲ್ಲಿ ಹಿಡಿದ ಹಟವನ್ನು ಸಡಿಲಿಸುವುದೂ ಉಂಟು. ಆದರೆ ರೊಟ್ಟಿಯನ್ನು ಯಾವ ಹದದಲ್ಲಿ, ಯಾವುದರೊಡನೆ ತಿನ್ನಬೇಕೆಂಬ ಬಗ್ಗೆ ಒಮ್ಮೆ ತಳೆದ ಅಭಿಪ್ರಾಯವನ್ನು ಬಿಟ್ಟುಕೊಟ್ಟವರು ಬಹು ವಿರಳ. ಈ ಮಾತಿನಲ್ಲಿ ಸಂದೇಹವುಳ್ಳವರು ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ಬಸ್ಸನ್ನೇರಿ, ಪಕ್ಕದಲ್ಲಿ ಕುಳಿತವರನ್ನು ಒಂದೇ ಒಂದು ಪ್ರಶ್ನೆ ಕೇಳಬಹುದು: “ಬಿಸಿ ರೊಟ್ಟಿ ಮೇಲೋ, ಖಡಕ್ ರೊಟ್ಟಿ ಮೇಲೋ?” ಕೊಟ್ಟೂರಿನಲ್ಲಿ ಬಸ್ಸು ನಿಲ್ಲುವ ಹೊತ್ತಿಗೆ ಪ್ರಯಾಣಿಕರಲ್ಲಿ ಎರಡು ಪಕ್ಷಗಳು ಏರ್ಪಟ್ಟಿರುತ್ತವೆ. ಪ್ರಶ್ನೆ ಕೇಳಿದಾತನನ್ನು ಎಲ್ಲರೂ ಮರೆತಿರುತ್ತಾರೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ — ಈ ಐದು ಊರುಗಳ ಸೀಮೆ ಆಡಳಿತಗಾರರ ಕೈಯಲ್ಲಿ ಸಾಕಷ್ಟು ಸಲ ಮಗ್ಗುಲು ಬದಲಿಸಿದೆ. 1953ರ ಅಕ್ಟೋಬರ್ 1ರಂದು ಅದು ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಹರಪನಹಳ್ಳಿಯಂತೂ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೇ ಮರಳಿ, 2021ರಲ್ಲಿ ಉಳಿದ ನಾಲ್ಕು ಊರುಗಳೊಡನೆ ಹೊಸ ವಿಜಯನಗರ ಜಿಲ್ಲೆಯ ಪಾಲಾಯಿತು. ಕೂಡ್ಲಿಗಿ ತಾಲ್ಲೂಕಿನಲ್ಲಿದ್ದ ಕೊಟ್ಟೂರು ಈಗ ತಾನೇ ಒಂದು ತಾಲ್ಲೂಕು. ಕಚೇರಿಯ ಫಲಕಗಳು ಇಷ್ಟು ಬದಲಾದರೂ ಒಲೆಯ ಮೇಲಿನ ಹಂಚು ಮಾತ್ರ ಬದಲಾಗಲಿಲ್ಲ. ಅದರ ಮೇಲೆ ಬೇಯುವ ಜೋಳದ ರೊಟ್ಟಿಯೂ ಬದಲಾಗಲಿಲ್ಲ.

ಸೀಮೆಯ ಸ್ಯಾಂಡ್‌ವಿಚ್

ಎರಡು ಬ್ರೆಡ್ಡಿನ ಹೋಳುಗಳ ನಡುವೆ ಏನನ್ನಾದರೂ ಇಟ್ಟು ತಿನ್ನುವ ಪದಾರ್ಥಕ್ಕೆ ಇಂಗ್ಲೆಂಡಿನಲ್ಲಿ ಸ್ಯಾಂಡ್‌ವಿಚ್ ಎಂಬ ಹೆಸರು ಬಂದುದು ಹದಿನೆಂಟನೆಯ ಶತಮಾನದಲ್ಲಿ. ಇತಿಹಾಸಕಾರ ಗಿಬ್ಬನ್ ತನ್ನ ದಿನಚರಿಯಲ್ಲಿ ಆ ಶಬ್ದವನ್ನು ಬರೆದಿಟ್ಟದ್ದು 1762ರಲ್ಲಿ. ಜೂಜಿನ ಮೇಜನ್ನು ಬಿಟ್ಟೇಳಲು ಮನಸ್ಸಿಲ್ಲದ ಸ್ಯಾಂಡ್‌ವಿಚ್ ಪ್ರಭುವೊಬ್ಬನು ಕೈ ಜಿಡ್ಡಾಗದಂತೆ ತಿನ್ನಲು ಹೂಡಿದ ಉಪಾಯವಿದು ಎಂದು ಕಥೆ ಹೇಳುವುದುಂಟು. ಪ್ರಭುವಿಗೆ ಜೂಜು ಬಿಟ್ಟೇಳುವ ಮನಸ್ಸಿರಲಿಲ್ಲ. ಈ ಸೀಮೆಯ ಒಕ್ಕಲಿಗನಿಗೆ ಕೆಲಸ ಬಿಟ್ಟು ಮನೆಗೆ ಬರುವ ಬಿಡುವಿರಲಿಲ್ಲ. ಎರಡು ರೊಟ್ಟಿಗಳ ನಡುವೆ ಪಲ್ಯವನ್ನೋ ಚಟ್ನಿಪುಡಿಯನ್ನೋ ಇಟ್ಟು, ಬಟ್ಟೆಯಲ್ಲಿ ಕಟ್ಟಿ ಹೊಲಕ್ಕೆ ಒಯ್ಯುವ ಬುತ್ತಿಗೆ ಯಾವ ಪ್ರಭುವಿನ ಹೆಸರೂ ಬೇಕಾಗಲಿಲ್ಲ.

ಇಷ್ಟು ಹೋಲಿಕೆಯಿದ್ದರೂ ಬ್ರೆಡ್ಡಿಗೂ ರೊಟ್ಟಿಗೂ ಒಂದು ಮೂಲಭೂತ ವ್ಯತ್ಯಾಸವುಂಟು. ಗೋಧಿಯ ಹಿಟ್ಟಿನಲ್ಲಿ ಗ್ಲೂಟೆನ್ ಎಂಬ ಅಂಟಿದೆ. ಅದು ರಬ್ಬರಿನಂತೆ ಹಿಗ್ಗಿ ಗಾಳಿಯನ್ನು ಹಿಡಿದಿಡುವುದರಿಂದ ಬ್ರೆಡ್ಡು ಉಬ್ಬುತ್ತದೆ, ಮರುದಿನವೂ ಮೆತ್ತಗಿರುತ್ತದೆ. ಜೋಳಕ್ಕೆ ಆ ಭಾಗ್ಯವಿಲ್ಲ. ತಣ್ಣೀರಿನಲ್ಲಿ ಕಲಸಿದರೆ ಜೋಳದ ಹಿಟ್ಟು ತಟ್ಟುವಾಗಲೇ ಬಿರಿಯುತ್ತದೆ. ಕುದಿಯುವ ಎಸರನ್ನು ಸುರಿದು ನಾದಿದಾಗ ಮಾತ್ರ ಹಿಟ್ಟಿನೊಳಗಿನ ಪಿಷ್ಟವು ಅರೆಬೆಂದು ಅಂಟಾಗಿ, ಅಂಗೈಯಗಲದ ಉಂಡೆಯು ಹಂಚಿನಗಲವಾಗುವವರೆಗೂ ಒಡೆಯದೆ ಬಾಳುತ್ತದೆ. ಆ ಅಂಟಿನ ಆಯುಷ್ಯವಾದರೋ ಅಲ್ಪ. ರೊಟ್ಟಿ ಆರಿದಂತೆ ಪಿಷ್ಟವು ಮತ್ತೆ ಬಿಗಿಯುತ್ತದೆ. ಬೆಳಗ್ಗೆ ಕರವಸ್ತ್ರದಂತೆ ಮಡಿಚಬಹುದಾಗಿದ್ದ ರೊಟ್ಟಿ ಮಧ್ಯಾಹ್ನಕ್ಕೆ ಮುರಿಯುತ್ತದೆ. ಎರಡು ಪಕ್ಷಗಳ ಜಗಳಕ್ಕೆ ಮೂಲ ಇಲ್ಲಿದೆ.

ಎರಡು ಪಕ್ಷ

ಬಿಸಿ ರೊಟ್ಟಿಯ ಪಕ್ಷದವರ ವಾದ ಸರಳವಾದುದು. ಹಂಚಿನ ಮೇಲೆ ನೀರು ಸವರಿಸಿಕೊಂಡು, ಮಗ್ಗುಲು ತಿರುಗಿ, ಕೆಂಡದ ಮುಂದೆ ಹೊಟ್ಟೆಯುಬ್ಬಿಸಿಕೊಂಡು ನಿಂತ ರೊಟ್ಟಿಯು ತಟ್ಟೆಗೆ ಬಿದ್ದೊಡನೆ ಅದರ ಮೇಲೆ ನೆಲ್ಲಿಕಾಯಿ ಗಾತ್ರದ ಬೆಣ್ಣೆ ಬೀಳಬೇಕು. ಬೆಣ್ಣೆ ಕರಗುತ್ತಿರುವಾಗಲೇ ಶೇಂಗಾ ಚಟ್ನಿಪುಡಿಯನ್ನು ಉದುರಿಸಿ ಸುರುಳಿ ಸುತ್ತಬೇಕು. ಅದಕ್ಕಿಂತ ಮುಂದಿನದು ರೊಟ್ಟಿಯೇ ಅಲ್ಲ. “ಹಂಚಿನ ಮ್ಯಾಲಿಂದ ತಾಟಿಗೆ ಬಿದ್ದದ್ದು ರೊಟ್ಟಿ, ಆಮ್ಯಾಲಿಂದು ಹಪ್ಪಳ ಬಿಡ್ರಿ” ಎಂಬುದು ಅವರ ಒಂದೇ ಮಾತಿನ ತೀರ್ಪು.

ಖಡಕ್ ಪಕ್ಷದವರು ಇದನ್ನು ಬಾಲಭಾಷಿತವೆಂದು ನಕ್ಕುಬಿಡುತ್ತಾರೆ. ಹಾಳೆಯಷ್ಟು ತೆಳ್ಳಗೆ ಬಡಿದು, ಸಣ್ಣ ಉರಿಯಲ್ಲಿ ಒಣಗಿಸಿ, ನೀರಿನ ಪಸೆಯನ್ನೆಲ್ಲ ಕಳೆದ ರೊಟ್ಟಿ ವಾರಗಟ್ಟಲೆ ಕೆಡದು. ನೀರಿಲ್ಲದ ಕಡೆ ಬೂಷ್ಟಿಗೆ ಬಾಳುವೆಯಿಲ್ಲವಷ್ಟೆ. ಅದನ್ನು ಮುರಿದು ಗಟ್ಟಿ ಮೊಸರಿನಲ್ಲಿ ಅದ್ದಿದಾಗ ಅರ್ಧ ಮೆತ್ತಗಾಗಿ ಅರ್ಧ ಗರಿಯಾಗಿ ಉಳಿಯುವ ಒಂದು ಕ್ಷಣವುಂಟು. ಆ ಕ್ಷಣವನ್ನರಿತು ಬಾಯಿಗಿಡುವವನೇ ರಸಿಕನೆಂದು ಅವರು ಸಾಧಿಸುತ್ತಾರೆ. “ಬಿಸಿ ರೊಟ್ಟಿ ಹಲ್ಲಿಲ್ಲದವರಿಗೂ ನಡೀತೈತಿ. ರೊಟ್ಟಿಗೆ ಸಪ್ಪಳ ಇರಬೇಕ್ರಿ.”

ಇವರ ಕೈಗೆ ಬಲವಾದ ಸಾಕ್ಷ್ಯವನ್ನು ಒದಗಿಸುವವು ಜಾತ್ರೆಗಳು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆ ನಡೆಯುತ್ತದೆ. ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಒಂದೇ ಸಾಲಿನ ಕಾರಣಿಕವನ್ನು ಕೇಳಲು ದೂರ ದೂರದ ಊರುಗಳಿಂದ ಚಕ್ಕಡಿ ಕಟ್ಟಿಕೊಂಡು ಬರುವ ಭಕ್ತರುಂಟು. ಮಾಘಮಾಸದ ಕೊಟ್ಟೂರೇಶ್ವರನ ರಥೋತ್ಸವಕ್ಕೆ ದಾವಣಗೆರೆಯ ಕಡೆಯಿಂದ ಜನರು ಕಾಲ್ನಡಿಗೆಯಲ್ಲೇ ಕೊಟ್ಟೂರಿಗೆ ಬರುತ್ತಾರೆ. ದಿನಗಟ್ಟಲೆ ದಾರಿಯಲ್ಲಿರುವವರಿಗೆ ಬಿಸಿ ರೊಟ್ಟಿಯನ್ನು ಯಾರು ಬಡಿದುಕೊಟ್ಟಾರು? ಗಂಟಿನಲ್ಲಿರುವ ಖಡಕ್ ರೊಟ್ಟಿಯೂ ಚಟ್ನಿಪುಡಿಯೂ ನಾಲ್ಕನೆಯ ದಿನವೂ ಮೊದಲನೆಯ ದಿನದಂತೆಯೇ ಇರುತ್ತವೆ.

ಜಾತ್ರೆಯ ಪೇಟೆಯಲ್ಲಿ ಮೂರನೆಯದೊಂದು ಪಕ್ಷವೂ ಎದುರಾಗುತ್ತದೆ. ಅದು ಒಗ್ಗರಣೆ ಮಂಡಕ್ಕಿ ಮತ್ತು ಮೆಣಸಿನಕಾಯಿ ಬಜ್ಜಿಯ ಪಕ್ಷ. ಕಾಗದದ ಮೇಲೆ ಸುರಿದ ಮಂಡಕ್ಕಿ, ಅದರ ನೆತ್ತಿಯ ಮೇಲೆ ಬಾಣಲೆಯಿಂದ ಆಗತಾನೆ ಇಳಿದ ಎರಡು ಮಿರ್ಚಿ. ರೊಟ್ಟಿಯ ಉಭಯ ಪಕ್ಷದವರೂ ಸಂಜೆ ಐದು ಗಂಟೆಗೆ ಭೇದ ಮರೆತು ಇಲ್ಲಿ ಸೇರುತ್ತಾರೆ. ಆದರೆ ಅದು ಸಂಜೆಯ ಒಲವು. ಊಟದ ಪ್ರಶ್ನೆ ಬಂದಾಗ ಮತ್ತೆ ಅವರವರ ಧ್ವಜ ಅವರವರದು.

ಬೆಣ್ಣೆಯ ಮೇಲಿನ ವ್ಯಾಜ್ಯ

ಪಾಶ್ಚಾತ್ಯರು ಚೀಸಿನ ವಿಷಯದಲ್ಲಿ ಜಗಳವಾಡುತ್ತಾರೆ. ಫ್ರಾನ್ಸಿನ ರೋಕ್‌ಫೋರ್ ಎಂಬ ಹಳ್ಳಿಯ ಗವಿಗಳಲ್ಲಿ ಹದಗೊಂಡ ಕುರಿಹಾಲಿನ ಚೀಸಿಗಲ್ಲದೆ ಬೇರೆಯದಕ್ಕೆ ಆ ಹೆಸರು ಸಲ್ಲದೆಂದು 1925ರಲ್ಲೇ ಅಲ್ಲಿ ಕಾನೂನಿನ ರಕ್ಷಣೆ ದೊರೆಯಿತು. ಹಾಲನ್ನು ಒಡೆಸಿ, ನೀರು ಬಸಿದು, ಉಪ್ಪು ಹಾಕಿ ತಿಂಗಳುಗಟ್ಟಲೆ ಕಾಯ್ದಿಡುವ ಯುಕ್ತಿಯೇ ಚೀಸು. ಹಾಲನ್ನು ಉಳಿಸುವ ಆ ಕೆಲಸವನ್ನು ಈ ಬಿಸಿಲುನಾಡಿನಲ್ಲಿ ತುಪ್ಪವು ಮಾಡುತ್ತ ಬಂದಿದೆ. ತುಪ್ಪವಾಗುವುದಕ್ಕೆ ಒಂದು ಹೆಜ್ಜೆ ಹಿಂದಿರುವ ಬೆಣ್ಣೆಯು ರೊಟ್ಟಿಯ ಪಾಲಿಗೆ ಬಂತು. ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಸೂಚಿಯ ಮನ್ನಣೆ ದೊರೆತಿದೆ. ಬೆಣ್ಣೆಗೆ ಅಂಥ ಮುದ್ರೆಯಿಲ್ಲದಿದ್ದರೂ ಅದರ ಪರೀಕ್ಷಕರು ಮನೆಮನೆಯಲ್ಲಿದ್ದಾರೆ.

ಎಮ್ಮೆಯ ಬೆಣ್ಣೆ ಬೆಳ್ಳಗೆ, ಹಸುವಿನದು ತುಸು ಹಳದಿ. ಹುಲ್ಲಿನಲ್ಲಿರುವ ಹಳದಿ ಬಣ್ಣದ ಅಂಶವನ್ನು ಎಮ್ಮೆಯು ತನ್ನೊಳಗೇ ಎ ಜೀವಸತ್ವವಾಗಿ ಮಾರ್ಪಡಿಸಿಕೊಳ್ಳುವುದರಿಂದ ಈ ಬಿಳುಪು. ಎಮ್ಮೆಯ ಹಾಲಿನಲ್ಲಿ ಜಿಡ್ಡು ನೂರಕ್ಕೆ ಸುಮಾರು 7ರಷ್ಟಿದ್ದರೆ ಹಸುವಿನದರಲ್ಲಿ ಸುಮಾರು 4. ಆದಕಾರಣ ಎಮ್ಮೆಯ ಪಕ್ಷಕ್ಕೆ ಬಹುಮತ ಸಹಜ. ಆದರೆ ಕಡಗೋಲಿನಿಂದ ಎತ್ತಿದ ಬೆಣ್ಣೆಯನ್ನು ಅಂದೇ ತಿನ್ನಬೇಕೇ, ಎರಡು ದಿನ ಮಜ್ಜಿಗೆಯಲ್ಲಿಟ್ಟು ತುಸು ಹುಳಿಯೇರಿದ ಮೇಲೆ ತಿನ್ನಬೇಕೇ ಎಂಬಲ್ಲಿ ಬಹುಮತವೂ ಒಡೆಯುತ್ತದೆ.

ಚೀಸಿನ ಸೋದರಸಂಬಂಧಿಯೆನ್ನಬಹುದಾದ ಒಂದು ತಿನಿಸೂ ಇಲ್ಲುಂಟು. ಅದು ಗಿಣ್ಣು. ಕರು ಹಾಕಿದ ಮೊದಲ ದಿನಗಳ ಹಾಲಿಗೆ ಬೆಲ್ಲ, ಏಲಕ್ಕಿ ಸೇರಿಸಿ ಆವಿಯಲ್ಲಿ ಬೇಯಿಸಿದರೆ, ಹೆಪ್ಪಿಲ್ಲದೆ, ಹುಳಿಯಿಲ್ಲದೆ ತಾನೇ ಗಟ್ಟಿಯಾಗುತ್ತದೆ. ಆ ಹಾಲಿನಲ್ಲಿ ಸಸಾರಜನಕ ಅಷ್ಟು ಹೆಚ್ಚು. ರೋಗವನ್ನು ತಡೆಯುವ ಶಕ್ತಿಯನ್ನು ಕರುವು ತಾಯಿಯ ಗರ್ಭದಲ್ಲಿ ಪಡೆಯದೆ ಈ ಹಾಲಿನಿಂದಲೇ ಪಡೆಯುತ್ತದೆ. ಕರುವಿಗೆ ಹೊಟ್ಟೆ ತುಂಬ ಬಿಟ್ಟು ಮಿಕ್ಕದ್ದನ್ನು ಮಾತ್ರ ಕಾಸಿ ಓಣಿಗೆಲ್ಲ ಹಂಚುವ ಮನೆಯ ಗಿಣ್ಣಿಗೆ ರುಚಿ ಹೆಚ್ಚೆಂದು ಬಲ್ಲವರು ಹೇಳಿದರೆ ಅದರಲ್ಲಿ ಬೆಲ್ಲದ ಪಾಲಿಗಿಂತ ಧರ್ಮದ ಪಾಲೇ ಹೆಚ್ಚಿದ್ದೀತು.

ತಮ್ಮ ರುಚಿಯನ್ನು ಸಮರ್ಥಿಸಿಕೊಳ್ಳುವಾಗ ಎಲ್ಲ ಪಕ್ಷದವರೂ “ಹಿಂದಿನಿಂದ ಬಂದದ್ದು” ಎನ್ನುತ್ತಾರೆ. ಎಷ್ಟು ಹಿಂದಿನಿಂದ? ಮೆಣಸಿನಕಾಯಿಯೂ ಶೇಂಗಾವೂ ಅಮೆರಿಕ ಖಂಡದ ಬೆಳೆಗಳು. ಸಮುದ್ರಮಾರ್ಗವಾಗಿ ಯೂರೋಪಿನವರು ಭಾರತಕ್ಕೆ ಬಂದ ಮೇಲೆ ಇಲ್ಲಿಗೆ ಬಂದವು. ಸ್ವತಃ ಜೋಳವೇ ಸಾವಿರಾರು ವರ್ಷಗಳ ಕೆಳಗೆ ಆಫ್ರಿಕದಿಂದ ಬಂದ ಅತಿಥಿ. ಇಂದು ಕೂಡ್ಲಿಗಿಯ ಕೆಂಪು ನೆಲದಲ್ಲಿ ಶೇಂಗಾ ತವರಿನಲ್ಲಿದ್ದಂತೆ ಇದೆ. ಪರದೇಶದಿಂದ ಬಂದುದನ್ನು ಮನೆಯದಾಗಿಸಿದುದು ಹಂಚಿನ ಮುಂದೆ ಕುಳಿತವರ ಕೈ.

ಜೋಳವೇ ಇಲ್ಲದಿದ್ದರೆ?

ಈ ಚರ್ಚೆಗೆ ಆಧಾರವಾದ ಧಾನ್ಯವೇ ಈಗ ಹೊಲದಿಂದ ಹಿಂದೆ ಸರಿಯುತ್ತಿದೆ. 1964ರಲ್ಲಿ ಬಿಡುಗಡೆಯಾದ ಸಿ.ಎಸ್.ಎಚ್.-1ರಿಂದ ಮೊದಲಾಗಿ ಬಂದ ಹೈಬ್ರಿಡ್ ಜೋಳಗಳು ಕಣವನ್ನು ತುಂಬಿದವು, ರೊಟ್ಟಿಯ ರಸಿಕರನ್ನು ತೃಪ್ತಿಪಡಿಸಲಿಲ್ಲ. ಹಿಂಗಾರಿಯ ಮಾಲದಂಡಿ ಬಿಳಿಜೋಳದ ರುಚಿಗೆ ಅದು ಸಾಟಿಯಲ್ಲವೆಂಬುದು ಹಿರಿಯರ ಮತ. ಆ ಬಳಿಕ ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿಗಳ ಹೊಲಗಳಲ್ಲಿ ಮೆಕ್ಕೆಜೋಳವು ಹಬ್ಬಿತು. ಅದು ಬಹುಮಟ್ಟಿಗೆ ಕೋಳಿಯ ಆಹಾರಕ್ಕೂ ಪಿಷ್ಟದ ಕಾರ್ಖಾನೆಗೂ ಹೋಗುವ ಬೆಳೆ. ರೊಕ್ಕ ಕೊಡುವ ಬೆಳೆಯನ್ನು ಬೆಳೆದ ರೈತನನ್ನು ದೂರುವಂತಿಲ್ಲ. ಆದರೆ ಒಂದು ಕಾಲಕ್ಕೆ ತನ್ನ ಹಗೇವಿನಿಂದ ಜೋಳ ತೆಗೆಯುತ್ತಿದ್ದ ಮನೆಯವರು ಇಂದು ಅಂಗಡಿಯಲ್ಲಿ ಬಿಳಿಜೋಳದ ಬೆಲೆಯನ್ನು ಎರಡು ಸಲ ಕೇಳಿ ಖಚಿತಪಡಿಸಿಕೊಳ್ಳುವುದನ್ನು ಕಾಣಬಹುದು. ಅವರ ಮೊಮ್ಮಕ್ಕಳಿಗೆ ಬೇಕರಿಯ ಬ್ರೆಡ್ಡೂ ಪೊಟ್ಟಣದ ಚೀಸೂ ಹೊಸವಲ್ಲ.

ಕೇಳದೆ ಉಳಿದ ಮತ

ಇಷ್ಟೆಲ್ಲ ಪಕ್ಷಗಳ ನಡುವೆ ಒಂದು ಮತವನ್ನು ಎಣಿಸುವುದೇ ರೂಢಿಯಲ್ಲಿಲ್ಲ. ಬಸ್ಸಿನಲ್ಲಿ, ಕಟ್ಟೆಯ ಮೇಲೆ, ಚಹದ ಅಂಗಡಿಯಲ್ಲಿ ವಾದಿಸುವವರು ತಿನ್ನುವವರು, ಬಡಿಯುವವಳು ಅಲ್ಲಿರುವುದಿಲ್ಲ. ಬಿಸಿ ರೊಟ್ಟಿಯ ಪಕ್ಷ ಗೆಲ್ಲಬೇಕಾದರೆ ಪ್ರತಿಯೊಬ್ಬರೂ ಉಂಡೇಳುವವರೆಗೆ ಆಕೆ ಒಲೆಯ ಮುಂದಿನಿಂದ ಏಳುವಂತಿಲ್ಲ. ಖಡಕ್ ಪಕ್ಷ ಗೆಲ್ಲಬೇಕಾದರೆ ಒಂದೇ ಬೆಳಗಿನಲ್ಲಿ ನೂರು ರೊಟ್ಟಿಗಳನ್ನು ಹಾಳೆಯಂತೆ ಬಡಿದು ಒಣಗಿಸಬೇಕು. ಯಾರ ಗೆಲುವಾದರೂ ಬೆವರು ಆಕೆಯದೇ.

ಮನೆಯ ಹೆಂಗಸನ್ನು “ನಿಮಗ ಯಾವುದು ಸೇರತೈತಿ?” ಎಂದು ಕೇಳಿದರೆ ಮೊದಲು ಬರುವುದು ನಗೆ. ಮತ್ತೆ ಕೇಳಿದರೆ ಉತ್ತರವೂ ಬರುತ್ತದೆ: “ಬಿಸೀದ ಸೇರತೈತ್ರಿ. ಆದ್ರ ನಾ ಉಣ್ಣಾಕ ಕುಂದ್ರೋದ್ರಾಗ ಆರಿರತೈತಿ.” ಹತ್ತಾರು ವರ್ಷ ಮನೆಮಂದಿಗೆಲ್ಲ ಬಿಸಿ ರೊಟ್ಟಿ ಹಾಕಿದ ಕೈಗೆ ದೊರೆಯುವುದು ಕಡೆಯ ರೊಟ್ಟಿ, ಬೆಣ್ಣೆಯ ಬಟ್ಟಲು ಅಷ್ಟರಲ್ಲಿ ಬರಿದಾಗಿರುತ್ತದೆ.

ಕಾಲ ಒಂದು ಬದಲಾವಣೆಯನ್ನು ತಂದಿದೆ. ಉತ್ತರ ಕರ್ನಾಟಕದ ಊರೂರುಗಳಲ್ಲಿ ಹೆಂಗಸರು ಖಡಕ್ ರೊಟ್ಟಿಗಳನ್ನು ಬಡಿದು ಕಟ್ಟುಕಟ್ಟಾಗಿ ಮಾರುತ್ತಿದ್ದಾರೆ. ಬೆಂಗಳೂರಿನ ಅಂಗಡಿಗಳಿಗೂ ಅವು ಬಂದಿವೆ. ಮನೆಯಲ್ಲಿ ಯಾರೂ ಎಣಿಸದಿದ್ದ ರೊಟ್ಟಿಯನ್ನು ಪೇಟೆ ಒಂದೊಂದಾಗಿ ಎಣಿಸಿ ಹಣ ಕೊಡುತ್ತಿದೆ. ಖಡಕ್ ಪಕ್ಷಕ್ಕೆ ಇದಕ್ಕಿಂತ ದೊಡ್ಡ ಜಯ ಬೇಕಿಲ್ಲ.

ಬಿಸಿ ರೊಟ್ಟಿಯ ಪಕ್ಷದವರಿಗೂ ಒಂದು ದಾರಿಯುಂಟು. ಅದಕ್ಕೆ ವಾದದ ಅಗತ್ಯವಿಲ್ಲ. ವಾರಕ್ಕೊಂದು ದಿನವಾದರೂ ಹಂಚಿನಿಂದಿಳಿದ ಮೊದಲ ರೊಟ್ಟಿಯ ಮೇಲೆ ನೆಲ್ಲಿಕಾಯಿ ಗಾತ್ರದ ಬೆಣ್ಣೆಯನ್ನಿಟ್ಟು, ಅದನ್ನು ಬಡಿದವಳ ಕೈಗೇ ಕೊಟ್ಟು, ಅದು ಆರುವ ಮೊದಲು ಆಕೆ ತಿಂದು ಮುಗಿಸುವವರೆಗೆ ಉಳಿದವರು ತಟ್ಟೆಯ ಮುಂದೆ ಕಾಯಬೇಕು. ರೊಟ್ಟಿ ಹೇಗಿದೆಯೆಂಬ ತೀರ್ಪನ್ನು ಅಂದು ಆಕೆಯೇ ಹೇಳಲಿ.