ನೀರು ಬರುವ ದಾರಿ ಸರಿ, ಹೋಗುವ ದಾರಿ?

ನಮ್ಮ ಕಡೆ ಮನೆ ನೋಡಲು ಹೋದವರು ಮೊದಲು ಕೇಳುವ ಪ್ರಶ್ನೆ ಒಂದೇ: 'ನೀರು ಹೇಗೆ?' ಬೋರ್‌ವೆಲ್ ಎಷ್ಟು ಅಡಿ, ನಗರಸಭೆ ನೀರು ಎಷ್ಟು ದಿನಕ್ಕೊಮ್ಮೆ ಬಿಡ್ತಾರೆ, ಸಂಪು ಎಷ್ಟು ಲೀಟರಿನದು, ಟ್ಯಾಂಕರ್ ಗಾಡಿ ಬಾಗಿಲವರೆಗೂ ಬರುತ್ತಾ? ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಗೃಹಿಣಿಯರಿಗೆ ಇದನ್ನೆಲ್ಲ ಯಾರೂ ಹೇಳಿಕೊಡಬೇಕಿಲ್ಲ. ಬಿಂದಿಗೆ ಬಿಂದಿಗೆಗೂ ಲೆಕ್ಕ ಇಟ್ಟು ಸಂಸಾರ ಮಾಡುವವರು ನಾವು. ಆದರೆ ಮನೆಯೊಳಗೆ ಬಂದ ನೀರು, ತಾರಸಿ ಮೇಲೆ ಸುರಿದ ಮಳೆ, ಬಚ್ಚಲ ನೀರು ಯಾವ ದಾರಿಯಲ್ಲಿ ಹೊರಗೆ ಹೋಗುತ್ತೆ ಅಂತ ಎಷ್ಟು ಜನ ಕೇಳ್ತೀವಿ ಹೇಳಿ?

ಗೃಹಪ್ರವೇಶ ಆಗುವುದು ಹೆಚ್ಚಾಗಿ ಬೇಸಿಗೆಯಲ್ಲಿ. ಆಗ ಗೋಡೆಗಳೆಲ್ಲ ಒಣಗಿ, ಹೊಸ ಬಣ್ಣ ಹೊಳೆಯುತ್ತಿರುತ್ತದೆ. ನಮ್ಮ ಕಡೆ ಜೋರು ಮಳೆ ಬರುವುದು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಹೊಸ ಮನೆಯ ನಿಜವಾದ ಪರೀಕ್ಷೆ ಆಗಲೇ. ಗೌರಿ ಹಬ್ಬಕ್ಕೆ ತವರಿಗೆ ಹೋಗಿ ಬರುವಷ್ಟರಲ್ಲಿ ಬೀರು ಹಿಂದಿನ ಗೋಡೆಯಲ್ಲಿ ಕಪ್ಪು ಬೂಷ್ಟು! ಮೇಸ್ತ್ರಿಗೆ ಫೋನ್ ಮಾಡಿದರೆ ಒಂದೇ ಉತ್ತರ: 'ಎಲ್ಲಾ ಹೊಸ ಮನೇಲೂ ಹೀಗೇ ಮೇಡಂ, ಒಣಗುತ್ತೆ ಬಿಡಿ'. ಬ್ಯಾಂಕಿನ ಕಂತು ಕಟ್ಟಲು ಒಡವೆ ಅಡ ಇಟ್ಟವರಿಗೆ ಈ ಮಾತು ಕೇಳಿ ಹೊಟ್ಟೆ ಉರಿಯದೆ ಇರುತ್ತಾ?

ಬರದ ನಾಡಿನಲ್ಲೂ ಪ್ರವಾಹ

ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ ನಮ್ಮದು. ಅದಕ್ಕೇ ಮಳೆ ಬಂದರೆ ಸಾಕು ಅಂತ ಕಾಯ್ತೀವೇ ಹೊರತು, ಜಾಸ್ತಿ ಬಂದರೆ ಏನು ಅಂತ ಯೋಚಿಸುವುದಿಲ್ಲ. 2021ರ ನವೆಂಬರ್ ನೆನಪಿದೆಯಲ್ಲ? ವರ್ಷಗಳಿಂದ ಬತ್ತಿದ್ದ ಕೆರೆಗಳು ಕೋಡಿ ಬಿದ್ದವು, ಗೌರಿಬಿದನೂರಿನಲ್ಲಿ ಉತ್ತರ ಪಿನಾಕಿನಿ ಮೈದುಂಬಿ ಹರಿಯಿತು. ಜನ ಬಾಗಿನ ಕೊಟ್ಟು ಸಂಭ್ರಮಪಟ್ಟರು. ಅದೇ ಹೊತ್ತಿಗೆ ತಗ್ಗಿನ ಮನೆಗಳವರು ಮೊಣಕಾಲುದ್ದ ನೀರಿನಲ್ಲಿ ಅಕ್ಕಿ ಮೂಟೆ, ಮಕ್ಕಳ ಪುಸ್ತಕ ಎತ್ತಿಡುತ್ತಿದ್ದರು.

ಕಾರಣ ಸುಲಭ. ನಮ್ಮ ಊರುಗಳು ಕೆರೆ, ಕಾಲುವೆಗಳ ಮಗ್ಗುಲಲ್ಲೇ ಬೆಳೆದವು. ಕೆರೆ ಒಣಗಿದ್ದ ವರ್ಷಗಳಲ್ಲಿ ಕಾಲುವೆ ಪಕ್ಕ, ಕೆಲವೆಡೆ ಕಾಲುವೆ ಮೇಲೇ ಸೈಟುಗಳಾದವು. ಬಂಡೆ ಬೆಟ್ಟಗಳ ಚಿಂತಾಮಣಿ ಕಡೆಯಂತೂ ಮಳೆ ನೀರಿಗೆ ಇಂಗುವಷ್ಟು ಪುರುಸೊತ್ತಿಲ್ಲ, ಸೀದಾ ತಗ್ಗಿಗೆ ಓಡುತ್ತದೆ. ಈಗ ಇನ್ನೊಂದು ವಿಷಯವೂ ಇದೆ. ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕಂದವಾರ ಕೆರೆ ಸೇರಿ ಜಿಲ್ಲೆಯ ಹಲವು ಕೆರೆಗಳಿಗೆ ಬರುತ್ತಿದೆ. ಮೊದಲೇ ತುಂಬಿದ ಕೆರೆಗೆ ದೊಡ್ಡ ಮಳೆ ಬಿದ್ದರೆ ಹಿಡಿದಿಟ್ಟುಕೊಳ್ಳಲು ಜಾಗ ಎಲ್ಲಿರುತ್ತೆ?

ಆದ್ದರಿಂದ ಸೈಟು, ಮನೆ ಕೊಳ್ಳುವ ಮುಂಚೆ ಸರ್ವೆ ನಂಬರ್ ತಗೊಂಡು ಗ್ರಾಮ ನಕ್ಷೆ ನೋಡಿಸಿ. ರಾಜ್ಯ ಸರ್ಕಾರದ 'ದಿಶಾಂಕ್' ಆ್ಯಪ್‌ನಲ್ಲಿ ಸೈಟಿನ ಮೇಲೆ ನಿಂತೇ ಅದು ಯಾವ ಸರ್ವೆ ನಂಬರ್, ಕೆರೆಯೋ ಕಾಲುವೆಯೋ ಅಂತ ನೋಡಬಹುದು. ಅದಕ್ಕಿಂತ ಸುಲಭದ ದಾರಿ, ಅದೇ ಬೀದಿಯ ಹಳೇ ಮನೆಯ ಅಜ್ಜಿಯನ್ನು ಕೇಳುವುದು. 'ಜೋರು ಮಳೆ ಬಂದರೆ ಇಲ್ಲಿ ನೀರು ಎಲ್ಲೀವರೆಗೆ ನಿಲ್ಲುತ್ತಮ್ಮಾ?' ಅಂದರೆ ಗೋಡೆ ಮೇಲೆ ಕೈಯಿಟ್ಟು ತೋರಿಸುತ್ತಾರೆ! ಮನೆಯ ಪಾಯ ರಸ್ತೆಗಿಂತ ಎರಡು ಅಡಿಯಾದರೂ ಎತ್ತರ ಇರಲಿ. ಪ್ರತಿ ಸಲ ಡಾಂಬರು ಹಾಕಿದಾಗಲೂ ರಸ್ತೆ ಏರುತ್ತದೆ, ಮನೆ ಏರುವುದಿಲ್ಲ.

ಗೋಡೆ ಏನು ಹೇಳ್ತಿದೆ?

ತೇವ ಕಂಡ ಕೂಡಲೇ ಪೇಂಟರ್ ಕರೆಯಬೇಡಿ. ಒದ್ದೆ ಗೋಡೆ ಮೇಲೆ ಎಂಥ ದುಬಾರಿ ವಾಟರ್‌ಪ್ರೂಫ್ ಬಣ್ಣ ಹೊಡೆದರೂ ಮುಂದಿನ ಮಳೆಗೆ ಹಪ್ಪಳದಂತೆ ಏಳುತ್ತದೆ. ಮೊದಲು ನೀರು ಎಲ್ಲಿಂದ ಅಂತ ಗೊತ್ತಾಗಬೇಕು. ಒಂದು ನೋಟ್ ಪುಸ್ತಕದಲ್ಲಿ ತಾರೀಕು, ಅವತ್ತು ಮಳೆ ಇತ್ತೋ ಇಲ್ಲವೋ ಬರೆಯಿರಿ. ಕಲೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆಯಿರಿ, ಮೊಬೈಲಲ್ಲಿ ಫೋಟೋ ತೆಗೆದಿಡಿ. ಎರಡು ಮೂರು ವಾರದಲ್ಲಿ ಗೋಡೆಯೇ ಉತ್ತರ ಹೇಳುತ್ತದೆ.

* ಮಳೆ ಬಂದಾಗ ಮಾತ್ರ ಕಲೆ ದೊಡ್ಡದಾಗುತ್ತಾ? ತಾರಸಿ, ಪ್ಯಾರಾಪೆಟ್, ಸಜ್ಜಾ ಅಥವಾ ಕಿಟಕಿ ಅಂಚಿನ ಬಿರುಕು ಕಾರಣ.

* ಮಳೆ ಇಲ್ಲದಿದ್ದರೂ ಸದಾ ಒದ್ದೆನಾ? ಗೋಡೆಯೊಳಗಿನ ಪೈಪು ಅಥವಾ ಆಚೆ ಬದಿಯ ಬಚ್ಚಲು ಕಾರಣ.

* ನೆಲದಿಂದ ಎರಡು ಮೂರು ಅಡಿ ಎತ್ತರಕ್ಕೆ ಪಟ್ಟಿ ಹೊಡೆದಂತೆ ತೇವವಾ? ನೆಲದ ತೇವ ಗೋಡೆಯೊಳಗೆ ಏರುತ್ತಿದೆ. ಪಾಯದ ಮೇಲೆ ಮೇಸ್ತ್ರಿಗಳು 'ಡಿಪಿಸಿ' ಅನ್ನುವ ತೇವ ತಡೆಯುವ ಪದರ ಸರಿಯಾಗಿ ಬಿದ್ದಿಲ್ಲ, ಇಲ್ಲವೇ ಹೊರಗಿನ ಮಣ್ಣನ್ನು ಅದಕ್ಕಿಂತ ಎತ್ತರ ತುಂಬಿದ್ದಾರೆ.

* ಬಿಳಿ ಪುಡಿ ಉದುರುತ್ತಾ? ಅದು ಉಪ್ಪು. ಇಟ್ಟಿಗೆ, ಮರಳು, ಬೋರ್‌ವೆಲ್ ಗಡಸು ನೀರಿನಲ್ಲಿದ್ದ ಉಪ್ಪು ತೇವದ ಜೊತೆ ಹೊರಗೆ ಬಂದು ಒಣಗಿದ್ದು. ನೀರು ಹಾಕಿ ತೊಳೆದರೆ ಮತ್ತೆ ಒಳಗೆ ಹೋಗುತ್ತದೆ. ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ.

ತೇವ ಒಳಗಿನದೋ ಹೊರಗಿನದೋ ಅನುಮಾನವಿದ್ದರೆ ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಕಡೆ ಟೇಪ್ ಹಾಕಿ ಎರಡು ದಿನ ಬಿಡಿ. ಗೋಡೆ ಕಡೆಯ ಬದಿ ಒದ್ದೆಯಾದರೆ ನೀರು ಗೋಡೆಯೊಳಗಿದೆ. ಕೋಣೆಯ ಕಡೆಯ ಬದಿ ಒದ್ದೆಯಾದರೆ ಕೋಣೆಗೆ ಗಾಳಿ ಸಾಲದು, ಕಿಟಕಿ ತೆರೆದಿಡಿ, ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆಯಿರಿ. ಮನೆಯಲ್ಲೇ ರೇಷ್ಮೆ ಹುಳು ಸಾಕುವ ಶಿಡ್ಲಘಟ್ಟದ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು. ಥಂಡಿ ಹಿಡಿದ ಮನೆಯಲ್ಲಿ ಹುಳಕ್ಕೆ ಸುಣ್ಣಕಟ್ಟು ರೋಗ ಬರುವಂತೆ, ಮಕ್ಕಳಿಗೂ ಕೆಮ್ಮು, ಉಬ್ಬಸ ಶುರುವಾಗುತ್ತದೆ.

ತಾರಸಿಗೆ ವಾರಕ್ಕೊಂದು ಸುತ್ತು

ಸಾವಿರ ಚದರಡಿ ತಾರಸಿ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,600 ಲೀಟರ್ ನೀರು. ದುಡ್ಡು ಕೊಟ್ಟು ತರಿಸುವ ಒಂದು ಸಣ್ಣ ಟ್ಯಾಂಕರ್‌ನಷ್ಟು! ಇಷ್ಟೂ ನೀರು ಒಂದೆರಡು ಪೈಪಿನಲ್ಲಿ ಇಳಿಯಬೇಕು. ಆ ಪೈಪಿನ ಬಾಯಿಗೆ ಹೊಂಗೆ ಎಲೆ, ಪಾರಿವಾಳದ ಪುಕ್ಕ, ಮಕ್ಕಳ ಗಾಳಿಪಟ ಸಿಕ್ಕಿಕೊಂಡರೆ ತಾರಸಿಯೇ ಕೆರೆ. ಬಟ್ಟೆ ಒಣಹಾಕಲು ಹೇಗೂ ಮೇಲೆ ಹೋಗ್ತೀರಲ್ಲ, ಹಾಗೇ ಪೈಪಿನ ಬಾಯಿ ನೋಡಿ ಬನ್ನಿ, ಜಾಲರಿ ಹಾಕಿಸಿ.

ಮಳೆ ನಿಂತ ಮಾರನೇ ದಿನವೂ ಒಂದೆಡೆ ನೀರು ನಿಂತಿದ್ದರೆ ಅಲ್ಲಿ 'ವಾಟ' ಸರಿಯಿಲ್ಲ ಅಂತ ಅರ್ಥ. ಸೀಮೆಸುಣ್ಣದಿಂದ ಸುತ್ತ ಗೆರೆ ಎಳೆದಿಟ್ಟರೆ ಮೇಸ್ತ್ರಿಗೆ ತೋರಿಸುವುದು ಸುಲಭ. ರಿಪೇರಿ ಆದಮೇಲೆ ಪೈಪಿನ ಬಾಯಿ ಮುಚ್ಚಿ, ಎರಡು ಅಂಗುಲ ನೀರು ನಿಲ್ಲಿಸಿ, ಎರಡು ದಿನ ಬಿಟ್ಟು ಕೆಳಗಿನ ಚಾವಣಿ ನೋಡಿ. ಕಲೆ ಕಾಣದಿದ್ದರೆ ಮಾತ್ರ ಪೂರ್ತಿ ದುಡ್ಡು ಕೊಡಿ.

ಬಚ್ಚಲು, ಮೋರಿ, ಚೇಂಬರ್

ಮಳೆ ನೀರಿನ ಪೈಪನ್ನು ಯುಜಿಡಿ ಚೇಂಬರ್‌ಗೆ ಸೇರಿಸಬಾರದು. ಕೆಲಸ ಬೇಗ ಮುಗಿಯಲಿ ಅಂತ ಎಷ್ಟೋ ಕಡೆ ಹೀಗೆ ಮಾಡಿಬಿಡ್ತಾರೆ. ಎಲ್ಲರ ಮಳೆ ನೀರೂ ಒಂದೇ ಪೈಪಿಗೆ ನುಗ್ಗಿದಾಗ ಅದು ತಡೆಯಲಾರದೆ ತಗ್ಗಿನಲ್ಲಿರುವ ಮನೆಯ ಬಚ್ಚಲಿನಿಂದ ಹಿಂದಕ್ಕೆ ಉಕ್ಕುತ್ತದೆ. ನಿಮ್ಮದು ರಸ್ತೆಗಿಂತ ತಗ್ಗಿನ ಮನೆಯಾದರೆ ಚೇಂಬರ್ ಹತ್ತಿರ ನೀರು ಹಿಂದಕ್ಕೆ ಬಾರದಂತೆ ತಡೆಯುವ ವಾಲ್ವ್ ಹಾಕಿಸಿ. ಮಳೆ ನೀರನ್ನು ಸೋಸಿ ಸಂಪಿಗೆ ಬಿಡಿ, ಹೆಚ್ಚಿದ್ದು ಇಂಗುಗುಂಡಿಗೆ ಹೋಗಲಿ. ಇಂಗುಗುಂಡಿ ಪಾಯದಿಂದ ಹತ್ತು ಅಡಿಯಾದರೂ ದೂರ ಇರಲಿ. ಅಷ್ಟು ಜಾಗ ಇಲ್ಲದಿದ್ದರೆ ಬೀದಿಯ ಮಳೆ ನೀರಿನ ಚರಂಡಿಗೆ ಬಿಡಿ.

ಮನೆ ಸುತ್ತ ನೆಲದ ವಾಟ ಗೋಡೆಯಿಂದ ಆಚೆಗೆ ಇರಬೇಕು. ಒಂದು ಚೊಂಬು ನೀರು ಚೆಲ್ಲಿ ನೋಡಿ, ಅದು ಗೋಡೆ ಕಡೆಗೆ ಓಡಿ ಬಂದರೆ ಮಳೆ ನೀರೂ ಹಾಗೇ ಬರುತ್ತದೆ. ತುಳಸಿ ಕಟ್ಟೆ, ಹೂವಿನ ಪಾತಿಯನ್ನು ಗೋಡೆಗೆ ಅಂಟಿಸಿ ಕಟ್ಟಬೇಡಿ.

ಅಡುಗೆಮನೆ ಸಿಂಕಿಗೆ ಉಳಿದ ಎಣ್ಣೆ, ಬಿರಿಯಾನಿ ಪಾತ್ರೆಯ ಜಿಡ್ಡು ಸುರಿಯಬೇಡಿ. ಪೈಪಿನೊಳಗೆ ಮೇಣದಂತೆ ಗಟ್ಟಿಯಾಗುತ್ತದೆ. ಕಾಗದದಲ್ಲಿ ಒರೆಸಿ ಕಸಕ್ಕೆ ಹಾಕಿ. ಅಪರೂಪಕ್ಕೆ ಬಳಸುವ ಬಚ್ಚಲಿನಿಂದ ವಾಸನೆ ಬಂದರೆ ಗಾಬರಿ ಬೇಡ. ಜಾಲರಿ ಕೆಳಗಿನ ನೀರು ಒಣಗಿ ಒಳಗಿನ ಗಾಳಿ ಮೇಲೆ ಬರುತ್ತಿದೆ ಅಷ್ಟೇ, ವಾರಕ್ಕೊಮ್ಮೆ ಒಂದು ಚೊಂಬು ನೀರು ಹಾಕಿ. ಮನೆಯಲ್ಲೇ ನೂಲು ಬಿಚ್ಚುವವರು ಗೂಡು ಬೇಯಿಸಿದ ನೀರನ್ನು ಜಾಲರಿ ಇಟ್ಟು ಸೋಸದೆ ಮೋರಿಗೆ ಬಿಡಬೇಡಿ. ಎಳೆ, ಹುಳ ಸೇರಿ ಇಡೀ ಬೀದಿಯ ಚರಂಡಿ ಕಟ್ಟಿಕೊಳ್ಳುತ್ತದೆ.

ನೆನಪಿರಲಿ: ಪಿಟ್ ಅಥವಾ ಮ್ಯಾನ್‌ಹೋಲ್ ಕಟ್ಟಿದರೆ ಯಾವ ಕಾರಣಕ್ಕೂ ಮನುಷ್ಯರನ್ನು ಒಳಗೆ ಇಳಿಸಬೇಡಿ. ಒಳಗಿನ ವಿಷದ ಗಾಳಿ ಒಂದೆರಡು ಉಸಿರಿಗೇ ಜೀವ ತೆಗೆಯಬಲ್ಲದು. 2013ರ ಕಾಯ್ದೆ ಪ್ರಕಾರ ಇಳಿಸಿದವರ ಮೇಲೆ ಕೇಸಾಗುತ್ತದೆ. 'ಇನ್ನೂರು ರೂಪಾಯಿ ಜಾಸ್ತಿ ಕೊಡಿ, ಇಳೀತೀನಿ' ಅಂದರೂ ಬೇಡ ಅನ್ನಿ. ಆತನ ಮನೆಯಲ್ಲೂ ದಾರಿ ಕಾಯುವ ಹೆಂಡತಿ ಮಕ್ಕಳಿದ್ದಾರೆ. ನಗರಸಭೆಗೆ ಫೋನ್ ಮಾಡಿ ಸಕ್ಕಿಂಗ್ ಮಿಷನ್ ಗಾಡಿ ಕೇಳಿ.

ನೀರು ನುಗ್ಗಿದ ದಿನ

* ಮೊದಲು ಮೈನ್ ಸ್ವಿಚ್ ಆಫ್. ಸ್ವಿಚ್ ಇರುವ ಕಡೆಯೇ ನೀರು ನಿಂತಿದ್ದರೆ ಹತ್ತಿರ ಹೋಗಬೇಡಿ, ಬೆಸ್ಕಾಂಗೆ ಫೋನ್ ಮಾಡಿ (1912).

* ಗ್ಯಾಸ್ ರೆಗ್ಯುಲೇಟರ್ ಬಂದ್ ಮಾಡಿ.

* ಪತ್ರ, ಪಾಸ್‌ಬುಕ್, ಮಾರ್ಕ್ಸ್‌ಕಾರ್ಡ್ ಇರುವ ಚೀಲ ಅಟ್ಟದ ಮೇಲಿರಲಿ. ಇದನ್ನು ಮಳೆಗಾಲಕ್ಕೆ ಮುಂಚೆಯೇ ಮಾಡಿಟ್ಟರೆ ಒಳ್ಳೇದು.

* ತೊಳೆಯುವ ಮುಂಚೆ ನೀರು ನಿಂತ ಗುರುತಿನ ಫೋಟೋ ತೆಗೆಯಿರಿ. ವಿಮೆಗೂ, ಪರಿಹಾರಕ್ಕೂ ಬೇಕಾಗುತ್ತದೆ.

* ಒದ್ದೆಯಾದ ಫ್ರಿಜ್, ಮಿಕ್ಸಿ, ಯುಪಿಎಸ್ ಅನ್ನು ಎಲೆಕ್ಟ್ರಿಷಿಯನ್ ನೋಡುವವರೆಗೆ ಹಾಕಬೇಡಿ.

* ಸಂಪಿಗೆ ಮೋರಿ ನೀರು ಸೇರಿದೆ ಅಂತ ಸಣ್ಣ ಅನುಮಾನವಿದ್ದರೂ ಆ ನೀರು ಬಳಸಬೇಡಿ. ಪೂರ್ತಿ ಖಾಲಿ ಮಾಡಿಸಿ, ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿ, ತೊಳೆಸಿ. ಹೊಸ ನೀರು ತುಂಬಿದ ಮೇಲೆ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಕಲೆಸಿ, ಒಂದು ಗಂಟೆ ಬಿಟ್ಟು ಬಳಸಿ. ಕುಡಿಯುವುದಕ್ಕೆ ಕೆಲವು ದಿನ ಕುದಿಸಿ ಆರಿಸಿದ್ದೇ ಇರಲಿ.

ಟ್ಯಾಂಕರ್‌ಗೆ ಕೊಟ್ಟ ದುಡ್ಡು ನೆನೆದು 'ಅಷ್ಟೂ ನೀರು ಚೆಲ್ಲೋದಾ' ಅಂತ ಕರುಳು ಚುರ್ ಅನ್ನುತ್ತದೆ, ನಿಜ. ಆದರೆ ವಾಂತಿ ಭೇದಿಯಾದರೆ ಆಸ್ಪತ್ರೆ ಬಿಲ್ಲು ಅದಕ್ಕಿಂತ ದೊಡ್ಡದು.

ಮಾತಿಗಿಂತ ಕಾಗದ ಮೇಲು

ಮೇಸ್ತ್ರಿ ಜೊತೆ ಒಪ್ಪಂದ ಬಾಯಿಮಾತಲ್ಲಿ ಬೇಡ. 'ಒಂದು ಮಳೆಗಾಲ ಕಳೆದ ಮೇಲೆ ಕೊನೆಯ ಕಂತು' ಅಂತ ಬರೆಸಿಕೊಂಡರೆ ಸೋರಿದಾಗ ಅವರೇ ಬರ್ತಾರೆ. ಪೈಪುಗಳು ಎಲ್ಲೆಲ್ಲಿ ಹೋಗಿವೆ ಅಂತ ಪ್ಲಾಸ್ಟರಿಂಗ್‌ಗೆ ಮುಂಚೆ ಫೋಟೋ ತೆಗೆದಿಟ್ಟರೆ ಮುಂದೆ ಇಡೀ ಗೋಡೆ ಒಡೆಸುವುದು ತಪ್ಪುತ್ತದೆ.

ರೇರಾದಲ್ಲಿ ನೋಂದಣಿಯಾದ ಫ್ಲ್ಯಾಟ್, ವಿಲ್ಲಾ ಕೊಂಡಿದ್ದರೆ 2016ರ ಕಾಯ್ದೆ ನಿಮ್ಮ ಕಡೆ ಇದೆ. ಸ್ವಾಧೀನಕ್ಕೆ ಪಡೆದ ಐದು ವರ್ಷದೊಳಗೆ ಕಟ್ಟಡದ, ಕಾಮಗಾರಿಯ ದೋಷ ತಿಳಿಸಿದರೆ ಬಿಲ್ಡರ್ 30 ದಿನದಲ್ಲಿ ಬಿಟ್ಟಿಯಾಗಿ ಸರಿಮಾಡಿಕೊಡಬೇಕು. ದೂರು ಬರವಣಿಗೆಯಲ್ಲೇ ಕೊಡಿ, ಪ್ರತಿ ಇಟ್ಟುಕೊಳ್ಳಿ.

ಮನೆಗೂ ವಿಮೆ ಇದೆ. 2021ರ ಏಪ್ರಿಲ್‌ನಿಂದ ಸಾಮಾನ್ಯ ವಿಮಾ ಕಂಪನಿಗಳಲ್ಲಿ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಪಾಲಿಸಿ ಸಿಗುತ್ತದೆ. ಪ್ರವಾಹ, ನೀರು ನುಗ್ಗುವುದು, ಪೈಪು ಒಡೆಯುವುದು, ಟ್ಯಾಂಕ್ ಉಕ್ಕುವುದು ಇದರಲ್ಲಿ ಸೇರಿವೆ. ವರ್ಷಗಟ್ಟಲೆ ನಿಧಾನವಾಗಿ ಜಿನುಗಿದ ಗೋಡೆಗೆ ಮಾತ್ರ ಪರಿಹಾರವಿಲ್ಲ. ಹಾಗಾಗಿ ಸಣ್ಣ ಕಲೆಯನ್ನು ಸಣ್ಣದಿದ್ದಾಗಲೇ ನೋಡಿಸಿ.

ಕಿವಿಮಾತು: ಮಳೆಗಾಲಕ್ಕೆ ಮುಂಚಿನ ಒಂದು ಭಾನುವಾರ

1. ತಾರಸಿ ಗುಡಿಸಿ, ಪೈಪಿನ ಬಾಯಿಗೆ ಒಂದು ಬಕೆಟ್ ನೀರು ಸುರಿದು ಕೆಳಗೆ ಸಲೀಸಾಗಿ ಬರುತ್ತಾ ನೋಡಿ.

2. ಪ್ಯಾರಾಪೆಟ್, ಸಜ್ಜಾ, ಕಿಟಕಿ ಅಂಚಿನ ಬಿರುಕು ಮುಚ್ಚಿಸಿ.

3. ಚೇಂಬರ್ ಮುಚ್ಚಳ ತೆಗೆಸಿ ಕಸ ಎತ್ತಿಸಿ. ಸಂಪಿನ ಮುಚ್ಚಳ ನೆಲಕ್ಕಿಂತ ಎತ್ತರ ಇದೆಯಾ ನೋಡಿ.

4. ರಾತ್ರಿ ಎಲ್ಲಾ ನಲ್ಲಿ ಬಂದ್ ಮಾಡಿ, ಮೇಲಿನ ಟ್ಯಾಂಕಿನ ಮಟ್ಟ ಗುರುತು ಹಾಕಿ. ಬೆಳಿಗ್ಗೆ ಇಳಿದಿದ್ದರೆ ಎಲ್ಲೋ ಸೋರಿಕೆಯಿದೆ.

5. ಬೀದಿ ಚರಂಡಿ ಕಟ್ಟಿದ್ದರೆ ಅಕ್ಕಪಕ್ಕದ ಮನೆಯವರೆಲ್ಲ ಸಹಿ ಹಾಕಿ ನಗರಸಭೆಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಒಬ್ಬರೇ ಹೋದರೆ 'ನೋಡೋಣ' ಅಂತಾರೆ, ಹತ್ತು ಹೆಂಗಸರು ಹೋದರೆ ಮಾರನೇ ದಿನವೇ ಗಾಡಿ ಬಂದರೂ ಬಂತು!

ಮನೆಯ ಮೂಲೆ ಮೂಲೆ ಗೊತ್ತಿರುವುದು ದಿನವಿಡೀ ಅದರಲ್ಲಿ ಓಡಾಡುವ ನಿಮಗೆ. ಮೇಸ್ತ್ರಿ 'ಒಣಗುತ್ತೆ ಬಿಡಿ' ಅಂದಾಗ ನೋಟ್ ಪುಸ್ತಕ ತೆಗೆದು ಮುಂದಿಡಿ. ತಾರೀಕು, ಫೋಟೋ, ಪೆನ್ಸಿಲ್ ಗೆರೆ ನೋಡಿದ ಮೇಲೆ ಆ ಮಾತು ಮತ್ತೆ ಬರುವುದು ಕಷ್ಟ.